ಒಂದು ಪೌಂಡ್ ಧಾನ್ಯದಿಂದ ಶುರುವಾದ ಲೆಕ್ಕ

ಬೆಂಗಳೂರಿನ ಜೋಗುಪಾಳ್ಯದಿಂದ ಹಲಸೂರು ಕೆರೆ ಬಳಸಿಕೊಂಡು ಹೋದರೆ ದಂಡು ರೈಲು ನಿಲ್ದಾಣ ಮೂರ್ನಾಲ್ಕು ಕಿಲೋಮೀಟರ್. 1864ರಲ್ಲಿ ಜೋಲಾರಪೇಟೆ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯ ಹಳಿ ಇಲ್ಲಿಗೇ ಮುಗಿಯುತ್ತಿತ್ತು. ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಇಡೀ ಮೈಸೂರು ಸಂಸ್ಥಾನಕ್ಕೆ ಕಾಳು ಬರುವ ಹೆಬ್ಬಾಗಿಲು ಇದೇ ಆಯಿತು. 1875ರಲ್ಲಿ ಮಳೆ ಕೈಕೊಟ್ಟಿತ್ತು. 1876ರಲ್ಲಿ ಮತ್ತೆ ಕೈಕೊಟ್ಟಿತು. ಮದ್ರಾಸ್ ಬಂದರಿನಲ್ಲಿ ಹಡಗಿನಿಂದ ಇಳಿದ ಅಕ್ಕಿ ರೈಲೇರಿ ದಂಡಿಗೆ ಬರುತ್ತಿತ್ತು. ಅಲ್ಲಿಂದ ಮುಂದೆ ತುಮಕೂರಿಗೋ ಚಿತ್ರದುರ್ಗಕ್ಕೋ ಸಾಗಿಸಲು ಎತ್ತಿನ ಗಾಡಿಯೇ ಗತಿ. ಮೇವು, ನೀರಿಲ್ಲದೆ ಎತ್ತುಗಳೇ ಸಾಯುತ್ತಿದ್ದಾಗ ಗಾಡಿ ಎಳೆಯುವುದಾದರೂ ಹೇಗೆ? ಮೂಟೆಗಳು ಇಲ್ಲಿ ಉಳಿದವು, ಹಸಿವು ಅಲ್ಲಿ ಉಳಿಯಿತು.

ಹಳ್ಳಿಗೆ ಕಾಳು ಹೋಗದಿದ್ದಾಗ ಹಳ್ಳಿಯ ಜನವೇ ಕಾಳು ಇದ್ದಲ್ಲಿಗೆ ಹೊರಟರು. ಕೋಲಾರದ ಕಡೆಯವರಿಗೆ ಹಳೇ ಮದ್ರಾಸ್ ರಸ್ತೆಯೇ ದಾರಿ. ಆ ರಸ್ತೆ ಊರು ಸೇರುವುದು ಹಲಸೂರಿನಲ್ಲಿ. ಹಿರಿಯರು 'ಧಾತು ಈಶ್ವರ ಬರ' ಎಂದು ಸಂವತ್ಸರದ ಹೆಸರಿನಿಂದ ನೆನೆಯುತ್ತಿದ್ದ ಆ ಕ್ಷಾಮ ಏನು ಮಾಡಿಹೋಯಿತು ಎಂಬುದಕ್ಕೆ ಜನಗಣತಿಯ ಎರಡು ಅಂಕಿ ಸಾಕು. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50.55 ಲಕ್ಷ. 1881ರಲ್ಲಿ 41.86 ಲಕ್ಷ.

ಆಗ ಮೈಸೂರು ಅರಸರ ಕೈಯಲ್ಲಿರಲಿಲ್ಲ. 1831ರಿಂದ ಬ್ರಿಟಿಷ್ ಕಮಿಷನರುಗಳೇ ಆಡಳಿತ ನಡೆಸುತ್ತಿದ್ದರು. ಹಾಗಾಗಿ ಹಸಿದವರಿಗೆ ಸರ್ಕಾರ ಎಷ್ಟು ಕೊಡಬೇಕು, ಯಾರಿಗೆ ಕೊಡಬೇಕು ಎಂಬ ಪ್ರಶ್ನೆ ಕಲ್ಕತ್ತದವರೆಗೂ ಹೋಯಿತು. ವೈಸ್‌ರಾಯ್ ಲಾರ್ಡ್ ಲಿಟ್ಟನ್ 1877ರ ಜನವರಿಯಲ್ಲಿ ದಕ್ಷಿಣದ ಬರ ನೋಡಿ ಬರಲು ಕಳಿಸಿದ್ದು ಸರ್ ರಿಚರ್ಡ್ ಟೆಂಪಲ್ ಅವರನ್ನು. ಟೆಂಪಲ್‌ಗೆ ಈ ಕೆಲಸ ಹೊಸದಲ್ಲ. 1874ರಲ್ಲಿ ಬಿಹಾರದಲ್ಲಿ ಬರ ಬಿದ್ದಾಗ ಬರ್ಮಾದಿಂದ ಅಕ್ಕಿ ತರಿಸಿ ಧಾರಾಳವಾಗಿ ಹಂಚಿದ್ದರು, ಹಸಿವಿನ ಸಾವುಗಳನ್ನು ಬಹುಮಟ್ಟಿಗೆ ತಡೆದಿದ್ದರು. ಅದಕ್ಕೆ ಸಿಕ್ಕಿದ್ದು ಶಹಬ್ಬಾಸ್‌ಗಿರಿಯಲ್ಲ, ದುಂದುಗಾರನೆಂಬ ಬೈಗುಳ. ಈ ಸಲ ಅವರು ಕೈ ಬಿಗಿಹಿಡಿದರು. ಬರಗಾಲದ ಕಾಮಗಾರಿಯಲ್ಲಿ ದಿನವಿಡೀ ದುಡಿಯುವ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಅದರ ಜೊತೆಗೆ ಮೇಲುಖರ್ಚಿಗೆ ಪುಡಿಗಾಸು. ಒಂದು ಪೌಂಡ್ ಎಂದರೆ ಇವತ್ತಿನ ತೂಕದಲ್ಲಿ ಸುಮಾರು 450 ಗ್ರಾಂ.

ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಶ್ ಇದಕ್ಕೆ ತಿರುಗಿಬಿದ್ದರು. ಜೈಲಿನ ಕೈದಿಗೆ ಸಿಗುವಷ್ಟೂ ಆಹಾರ ಮಣ್ಣು ಹೊರುವವನಿಗೆ ಸಿಗುತ್ತಿಲ್ಲ ಎಂಬುದು ಅವರ ವಾದ. ಇಬ್ಬರ ಜಗಳ ಪತ್ರಿಕೆಗಳಿಗೂ ಹಬ್ಬಿತು. 'ಮದ್ರಾಸ್ ಟೈಮ್ಸ್' ಸಂಪಾದಕ ವಿಲಿಯಂ ಡಿಗ್ಬಿ ಮರುವರ್ಷವೇ ಈ ಬರದ ಕುರಿತು ಎರಡು ಸಂಪುಟಗಳ ಪುಸ್ತಕ ತಂದರು. ಕೆಲವು ತಿಂಗಳಲ್ಲಿ ಅಳತೆ ಸ್ವಲ್ಪ ಏರಿತು. ಅಷ್ಟರಲ್ಲಿ ಸಾವಿನ ಲೆಕ್ಕ ಅದಕ್ಕಿಂತ ಬೇಗ ಏರಿತ್ತು.

ಅಳತೆಯ ಜಗಳ ಎಲ್ಲರಿಗೂ ಕಾಣುತ್ತಿತ್ತು. ಅದರ ಹಿಂದೆ ಕಾಣದ ಇನ್ನೊಂದು ಏರ್ಪಾಡಿತ್ತು: ಪರೀಕ್ಷೆ. ನೆರವು ಬೇಡಿ ಬಂದವನು ನಿಜಕ್ಕೂ ಹಸಿದಿದ್ದಾನೋ ಇಲ್ಲವೋ ಎಂದು ತಿಳಿಯಲು ಬರಗಾಲದ ಅಧಿಕಾರಿಗಳು ಹಲವು ಉಪಾಯ ಹೂಡಿದ್ದರು. ಕಾಮಗಾರಿಯನ್ನು ಊರಿಂದ ದೂರ ಇಟ್ಟು, ಅಷ್ಟು ದೂರ ನಡೆದು ಬರುವಷ್ಟು ಕಷ್ಟದಲ್ಲಿದ್ದವನಿಗೆ ಮಾತ್ರ ಕೂಲಿ ಕೊಡುವುದು ಒಂದು. ಮನೆ ಬಿಟ್ಟು ಶಿಬಿರದಲ್ಲೇ ಉಳಿಯಬೇಕೆನ್ನುವುದು ಇನ್ನೊಂದು. ಕಾಳು ಕೊಡದೆ ಬೇಯಿಸಿದ ಗಂಜಿಯನ್ನೇ ಕೊಡುವುದು ಮತ್ತೊಂದು. ಯಾರ ಕೈಯಡುಗೆಯೋ, ಯಾವ ಜಾತಿಯವರ ಪಕ್ಕದ ಪಂಕ್ತಿಯೋ ಎಂದು ಹಿಂಜರಿಯುವವನು ಅಷ್ಟೇನೂ ಹಸಿದಿಲ್ಲ ಎಂಬುದು ಅದರ ತರ್ಕ. ಮಾನಕ್ಕೆ ಅಂಜಿ ಮನೆಯಲ್ಲೇ ಸತ್ತವರು ಈ ಪರೀಕ್ಷೆಯಲ್ಲಿ ಲೆಕ್ಕಕ್ಕೇ ಬರಲಿಲ್ಲ.

1877ರಲ್ಲಿ ಮೈಸೂರಿಗೆ ಕ್ಷಾಮ ಕಮಿಷನರಾಗಿ ಬಂದವರು ಚಾರ್ಲ್ಸ್ ಎಲಿಯಟ್. ಬೆಂಗಳೂರು–ಮೈಸೂರು ರೈಲು ದಾರಿಯ ಮಣ್ಣು ಕೆಲಸ ಶುರುವಾದದ್ದೇ ಬರಗಾಲದ ಕಾಮಗಾರಿಯಾಗಿ. ಈ ಬರಕ್ಕೆ ಸಂಸ್ಥಾನದ ಬೊಕ್ಕಸದಿಂದ ಹೋದದ್ದು 160 ಲಕ್ಷ ರೂಪಾಯಿ. 1881ರಲ್ಲಿ ಚಾಮರಾಜ ಒಡೆಯರಿಗೆ ರಾಜ್ಯ ಮರಳಿ ಸಿಕ್ಕಾಗ ಅದರ ಜೊತೆಗೆ 80 ಲಕ್ಷದ ಸಾಲವೂ ಬಂತು. ಎಲಿಯಟ್ ಇಲ್ಲಿಂದ ಹೋದವರು ಸರ್ ರಿಚರ್ಡ್ ಸ್ಟ್ರೇಚಿ ಅಧ್ಯಕ್ಷತೆಯ ಕ್ಷಾಮ ಆಯೋಗಕ್ಕೆ ಕಾರ್ಯದರ್ಶಿಯಾದರು. ಆಯೋಗದ ವರದಿಯಿಂದ 1883ರಲ್ಲಿ ಕ್ಷಾಮ ಸಂಹಿತೆ ಹುಟ್ಟಿತು. ಮೈಸೂರಿನ ಹಸಿವು ಕಲಿಸಿದ ಪಾಠ ಹೀಗೆ ದೇಶಕ್ಕೆಲ್ಲ ಮಾದರಿಯಾಯಿತು.

ಸಂಹಿತೆ ಸಂತ್ರಸ್ತರನ್ನು ಎರಡು ಪಾಲು ಮಾಡಿತು. ದುಡಿಯಬಲ್ಲವರಿಗೆ ಕಾಮಗಾರಿ. ಮುದುಕರು, ಬಸುರಿಯರು, ಮಕ್ಕಳು, ಅಂಗವಿಕಲರಿಗೆ 'ಗ್ರಾಚ್ಯುಯಿಟಸ್ ರಿಲೀಫ್', ಅಂದರೆ ದುಡಿಮೆ ಕೇಳದೆ ಕೊಡುವ ನೆರವು. ಕೂಲಿಯನ್ನು ಕಟ್ಟುತ್ತಿದ್ದದ್ದು ಕಾಳಿನ ಬೆಲೆಯ ಮೇಲೆ: ಇಷ್ಟು ಧಾನ್ಯ ಕೊಳ್ಳಲು ಎಷ್ಟು ಕಾಸು ಬೇಕೋ ಅಷ್ಟು. ಸಂಹಿತೆಯ ಬಲ ಇದ್ದದ್ದು ಘೋಷಣೆಯಲ್ಲಿ. ಬರ ಎಂದು ಸರ್ಕಾರ ಸಾರಿದರೆ ಯಂತ್ರ ತಿರುಗುತ್ತಿತ್ತು, ಸಾರದಿದ್ದರೆ ಇಲ್ಲ. 1943ರಲ್ಲಿ ಬಂಗಾಳದಲ್ಲಿ ಅದನ್ನು ಸಾರಲೇ ಇಲ್ಲ, ಲಕ್ಷಾಂತರ ಜನ ಸತ್ತರು.

ಸ್ವಾತಂತ್ರ್ಯದ ನಂತರ ಅನ್ನದ ದಾರಿ ಎರಡು ಕವಲಾಯಿತು. ಒಂದು ದಿನನಿತ್ಯದ್ದು: 1965ರಲ್ಲಿ ಭಾರತೀಯ ಆಹಾರ ನಿಗಮ, ನ್ಯಾಯಬೆಲೆ ಅಂಗಡಿ, 2013ರಲ್ಲಿ ಆಹಾರ ಭದ್ರತಾ ಕಾಯ್ದೆ, ಅದೇ ವರ್ಷ ಕರ್ನಾಟಕದ ಅನ್ನಭಾಗ್ಯ. ಇನ್ನೊಂದು ಆಪತ್ಕಾಲದ್ದು: 1990ರಲ್ಲಿ ವಿಪತ್ತು ಪರಿಹಾರ ನಿಧಿ, 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಬಳಿಕ ರಾಜ್ಯ ವಿಪತ್ತು ಸ್ಪಂದನಾ ನಿಧಿ, ಅಂದರೆ ಎಸ್‌ಡಿಆರ್‌ಎಫ್. ನೆರೆ ಬಂದವರ ಮನೆಗೆ ಬರುವ ಅಕ್ಕಿ ಈ ಎರಡೂ ಕವಲು ಸೇರಿದಲ್ಲಿ ಸಿಗಬೇಕು. ಸೇರುವುದು ಮಾತ್ರ ಸುಲಭವಲ್ಲ.

2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕ ಮುಳುಗಿದಾಗ, 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡ ಜಾರಿದಾಗ ಶಾಲೆ, ಕಲ್ಯಾಣ ಮಂಟಪಗಳೇ ಗಂಜಿ ಕೇಂದ್ರಗಳಾದವು. ಈಗ ಸರ್ಕಾರಿ ಕಡತಗಳಲ್ಲಿ ಅವಕ್ಕೆ ಕಾಳಜಿ ಕೇಂದ್ರ ಎಂದು ಹೆಸರು. 2019ರ ಪ್ರವಾಹದಲ್ಲಿ ಹಣದ ಲೆಕ್ಕ ಹೀಗಿತ್ತು: ಬಟ್ಟೆಗೆ 1,800, ಪಾತ್ರೆ ಪಗಡಕ್ಕೆ 2,000, ಹೀಗೆ ಕೇಂದ್ರದ ಮಾರ್ಗಸೂಚಿಯಂತೆ ಒಂದು ಮನೆಗೆ 3,800 ರೂಪಾಯಿ. ರಾಜ್ಯ ತನ್ನದು 6,200 ಸೇರಿಸಿ 10,000 ಮಾಡಿತು. ಜೀವನೋಪಾಯ ಕಳೆದುಕೊಂಡೂ ಪರಿಹಾರ ಕೇಂದ್ರಕ್ಕೆ ಬಾರದವರಿಗೆ ಜಿ.ಆರ್. ಎಂಬ ಬಾಬ್ತಿತ್ತು: ದೊಡ್ಡವರಿಗೆ ದಿನಕ್ಕೆ 60 ರೂಪಾಯಿ, ಮಕ್ಕಳಿಗೆ 45. ಜಿ.ಆರ್. ಎಂದರೆ 1883ರ ಅದೇ ಗ್ರಾಚ್ಯುಯಿಟಸ್ ರಿಲೀಫ್. ನಡುವೆ ಸಾಮ್ರಾಜ್ಯವೇ ಹೋಯಿತು, ಆ ಬಾಬ್ತು ಉಳಿಯಿತು.

ಪರೀಕ್ಷೆಯೂ ಉಳಿಯಿತು. ಬಟ್ಟೆ, ಪಾತ್ರೆಯ ಹಣ ಪಡೆಯಲು ಮನೆ ಕೊಚ್ಚಿಹೋಗಿರಬೇಕು, ಪೂರ್ತಿ ಬಿದ್ದಿರಬೇಕು ಅಥವಾ ಎರಡು ದಿನಕ್ಕಿಂತ ಹೆಚ್ಚು ನೀರಿನಲ್ಲಿ ಮುಳುಗಿರಬೇಕು ಎಂದಿತು ಮಾರ್ಗಸೂಚಿ. ಕೃಷ್ಣಾ ತೀರದ ಹಳ್ಳಿಗೆ ಈ ಅಳತೆ ಹೊಂದೀತು, ಬೆಂಗಳೂರಿಗೆ ಹೊಂದುವುದಿಲ್ಲ. ಇಲ್ಲಿ ರಾಜಕಾಲುವೆ ಉಕ್ಕುವುದು ರಾತ್ರಿ. ಬೆಳಗಾಗುವಷ್ಟರಲ್ಲಿ ನೀರು ಇಳಿದಿರುತ್ತದೆ. ಆದರೆ ಮಂಚದ ಕೆಳಗಿಟ್ಟ ಅಕ್ಕಿ ಚೀಲ ಕೊಚ್ಚೆ ಕುಡಿದು ಉಬ್ಬಿರುತ್ತದೆ, ರಾಗಿ ಹಿಟ್ಟು ಡಬ್ಬಿಯಲ್ಲೇ ಕಟ್ಟಿಕೊಂಡಿರುತ್ತದೆ, ಗ್ಯಾಸ್ ಒಲೆಯ ಬರ್ನರ್ ತುಂಬ ಕೆಸರು. ತಿಂಗಳ ಪಡಿತರ ಒಂದೇ ರಾತ್ರಿಗೆ ಹಾಳು. ಹೀಗಾಗಿ ನಗರದಲ್ಲಿ ಪ್ರತಿ ಸಲವೂ ಮುಖ್ಯಮಂತ್ರಿಗಳೇ ಬೇರೆ ಮೊತ್ತ ಘೋಷಿಸಬೇಕಾಗಿ ಬಂತು. 2020ರ ಅಕ್ಟೋಬರ್‌ನಲ್ಲಿ ಹೊಸಕೆರೆಹಳ್ಳಿಯ ಮನೆಗಳಿಗೆ 25,000 ರೂಪಾಯಿ. 2022ರ ಮೇ ತಿಂಗಳಲ್ಲಿ ಕೆ.ಆರ್. ಪುರ ಕ್ಷೇತ್ರದ ಹೊರಮಾವು ಸಾಯಿ ಲೇಔಟ್ ಮುಳುಗಿದಾಗಲೂ ಅಷ್ಟೇ. ಅದೇ ಲೇಔಟ್ 2025ರ ಮೇ ತಿಂಗಳಲ್ಲಿ ಮತ್ತೆ ಮುಳುಗಿತು.

ಕಾರ್ಡಿನ ಪರೀಕ್ಷೆ ಬೇರೆ. ಬರಪೀಡಿತ ಪ್ರದೇಶದಲ್ಲಿ ಪಡಿತರ ಚೀಟಿ ಇಲ್ಲವೆಂದು ಯಾರಿಗೂ ಧಾನ್ಯ ನಿರಾಕರಿಸಬಾರದು, ಬೇಸಿಗೆ ರಜೆಯಲ್ಲೂ ಮಕ್ಕಳಿಗೆ ಬಿಸಿಯೂಟ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2016ರ ಮೇ ತಿಂಗಳಲ್ಲಿ 'ಸ್ವರಾಜ್ ಅಭಿಯಾನ' ಪ್ರಕರಣದಲ್ಲಿ ಆದೇಶಿಸಿತು. ಆ ಆದೇಶ ಬರಕ್ಕೆ ಸೀಮಿತ. 2020ರ ಲಾಕ್‌ಡೌನ್‌ನಲ್ಲಿ ಕಾರ್ಡಿದ್ದವರಿಗೆ ತಲೆಗೆ 5 ಕೆ.ಜಿ. ಹೆಚ್ಚುವರಿ ಧಾನ್ಯ ಏಪ್ರಿಲ್‌ನಿಂದಲೇ ಸಿಕ್ಕಿತು. ಕಾರ್ಡಿಲ್ಲದ ವಲಸೆ ಕಾರ್ಮಿಕರಿಗಾಗಿ ಕೇಂದ್ರ ಬೇರೆ ಯೋಜನೆ ಘೋಷಿಸಿದ್ದು ಮೇ ಮಧ್ಯದಲ್ಲಿ. ಅಷ್ಟರಲ್ಲಿ ನಗರ ಬಿಟ್ಟು ಹೊರಟವರು ದಾರಿ ಹಿಡಿದಾಗಿತ್ತು.

2022ರ ಹೊಸ ಮಾರ್ಗಸೂಚಿ 60 ಮತ್ತು 45ರ ಲೆಕ್ಕವನ್ನು ಕೈಬಿಟ್ಟು, ಜಿ.ಆರ್. ಮೊತ್ತವನ್ನು ಉದ್ಯೋಗ ಖಾತರಿಯ (ನರೇಗಾ) ದಿನಗೂಲಿಗೆ ಕಟ್ಟಿಹಾಕಿತು. ಕಾಳಿನ ಮೇಲೆ ಕೂಲಿ ಕಟ್ಟುತ್ತಿದ್ದ ಹಳೆಯ ಲೆಕ್ಕ ತಿರುಗುಮುರುಗಾಗಿ, ಈಗ ಕೂಲಿಯ ಮೇಲೆ ಕಾಳಿನ ಹಣ ನಿಂತಿತು. ಮರುವರ್ಷವೇ ಅದರ ಭಾರ ಗೊತ್ತಾಯಿತು. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ರಾಜ್ಯದಲ್ಲಿ ಆಗ ನರೇಗಾ ಕೂಲಿ 316 ರೂಪಾಯಿ. ಬರಕ್ಕೆ 90 ದಿನ ಹಿಡಿದರೆ ಒಬ್ಬರಿಗೆ 28,440. ರಾಜ್ಯ ಕೇಂದ್ರದ ಮುಂದಿಟ್ಟ 18,171 ಕೋಟಿ ರೂಪಾಯಿಯ ಬೇಡಿಕೆಯಲ್ಲಿ 12,577 ಕೋಟಿ ಈ ಜಿ.ಆರ್. ಬಾಬ್ತಿನದೇ. ತಿಂಗಳುಗಟ್ಟಲೆ ಉತ್ತರ ಬರಲಿಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು, ಏಪ್ರಿಲ್‌ನಲ್ಲಿ ಸುಮಾರು 3,450 ಕೋಟಿ ಬಿಡುಗಡೆಯಾಯಿತು. ಬರದಿಂದ ಬದುಕು ಕೆಟ್ಟ ಕುಟುಂಬಗಳ ಪಾಲು ಅದರಲ್ಲಿ ಬಂದಿಲ್ಲ ಎಂದು ರಾಜ್ಯ ಕೋರ್ಟಿನಲ್ಲಿ ತಕರಾರು ಮುಂದುವರಿಸಿತು. ಆ ಕುಟುಂಬಗಳನ್ನು ಯಾವ ಆಧಾರದ ಮೇಲೆ, ಯಾವ ಕ್ರಮದಲ್ಲಿ ಗುರುತಿಸಲಾಯಿತು ಎಂಬುದನ್ನು ರಾಜ್ಯವೇ ಜಿಲ್ಲಾವಾರು ತೋರಿಸಬೇಕೆಂಬ ಷರತ್ತು 2022ರ ಆ ಮಾರ್ಗಸೂಚಿಯಲ್ಲೂ ಇತ್ತು.