ಕಾರು ಸ್ಟಾರ್ಟ್ ಆಗದಿದ್ದಾಗ: ಬಿಡಿಭಾಗ ಕೊಳ್ಳುವ ಮುನ್ನ ಮನೆಯಲ್ಲೇ ತಪಾಸಣೆ

ಲೆಕ್ಕಪರಿಶೋಧಕರಿಗೆ ಸೆಪ್ಟೆಂಬರ್ ತಿಂಗಳ ಕೊನೆಯ ವಾರವೆಂದರೆ ಊಟಕ್ಕೂ ಪುರಸೊತ್ತಿಲ್ಲದ ಕಾಲ. ಕೆಲವು ವರ್ಷಗಳ ಹಿಂದೆ ಅಂಥದೇ ಒಂದು ವಾರದಲ್ಲಿ, ಹುಬ್ಬಳ್ಳಿಯ ನನ್ನ ಮನೆಯ ಮುಂದೆ ನಿಂತಿದ್ದ ಪೆಟ್ರೋಲ್ ಕಾರು ಬೆಳಿಗ್ಗೆ ಸ್ಟಾರ್ಟ್ ಆಗದೆ ಹಠ ಹಿಡಿಯಿತು. ಕೀಲಿ ತಿರುಗಿಸಿದರೆ ಸೆಲ್ಫ್ ಮೋಟಾರು ವಯಸ್ಸಾದವರು ಮೆಟ್ಟಿಲು ಹತ್ತಿದಂತೆ ತಡೆತಡೆದು ಎರಡು ಸುತ್ತು ತಿರುಗಿ ನಿಲ್ಲುತ್ತಿತ್ತು. ಕರೆಸಿದ ಮೆಕ್ಯಾನಿಕ್ ಬಾನೆಟ್ ತೆರೆಯುವ ಮೊದಲೇ ತೀರ್ಪು ಕೊಟ್ಟರು: "ಸಾಹೇಬ್ರ, ಬ್ಯಾಟ್ರಿ ಹೋಗೇತ್ರಿ. ಹೊಸದು ಹಾಕಿಸಿಬಿಡ್ರಿ." ವಾದ ಮಾಡಲು ನನಗೆ ವೇಳೆಯಿರಲಿಲ್ಲ. ನಾಲ್ಕು ಸಾವಿರಕ್ಕೂ ಹೆಚ್ಚು ಹಣ ತೆತ್ತು, ಹಳೆಯ ಬ್ಯಾಟರಿಯನ್ನು ವಿನಿಮಯಕ್ಕೆ ಕೊಟ್ಟು, ಹೊಸದನ್ನು ಕೂಡಿಸಿದ್ದಾಯಿತು. ಕಾರು ಮೂರು ವಾರ ಸೊಗಸಾಗಿ ಓಡಿತು. ನಾಲ್ಕನೆಯ ವಾರ ಮತ್ತೆ ಅದೇ ಏದುಸಿರು.

ಚೀಟಿಯಿಲ್ಲದ ಖರ್ಚನ್ನು ಕಂಡರೆ ಕಕ್ಷಿದಾರರ ಮೇಲೆ ಹುಬ್ಬು ಗಂಟಿಕ್ಕುವ ನಾನು, ಆಧಾರವಿಲ್ಲದ ಒಂದು ಮಾತನ್ನು ನಂಬಿ ಇಷ್ಟು ಹಣ ಖರ್ಚು ಮಾಡಿದ್ದೆ. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ವಿದ್ಯುತ್ ಪ್ಯಾನೆಲ್ ತಯಾರಿಸುವ ಕಕ್ಷಿದಾರ ಮಿತ್ರರೊಬ್ಬರು ಈ ಕಥೆ ಕೇಳಿ ನಕ್ಕು, ಭಾನುವಾರ ಬೆಳಿಗ್ಗೆ ಒಂದು ಮಲ್ಟಿಮೀಟರ್ ಹಿಡಿದು ಮನೆಗೆ ಬಂದರು. ಅಂದು ಅವರಿಂದ ಕಲಿತದ್ದು ಹಾಗೂ ಅನಂತರ ಓದಿ, ಮಾಡಿ ತಿಳಿದದ್ದು ನಮ್ಮ ಸದಸ್ಯರಿಗೂ ಉಪಯೋಗವಾದೀತೆಂದು ಈ ಬರಹ. ಸರಕು ವ್ಯಾನನ್ನೋ ಕಾರನ್ನೋ ನಂಬಿ ಮುಂಜಾನೆ ಅಂಗಡಿ ತೆರೆಯುವವರು ನಮ್ಮಲ್ಲಿ ಬಹುಮಂದಿ.

ಮೊದಲು ಸದ್ದು ಕೇಳಿ

ಸ್ಟಾರ್ಟಿಂಗ್ ತೊಂದರೆಯೆಂದು ನಾವು ಒಂದೇ ಹೆಸರಿನಿಂದ ಕರೆಯುವುದು ವಾಸ್ತವವಾಗಿ ಎರಡು ಬೇರೆ ಬೇರೆ ರೋಗಗಳು. ಕೀಲಿ ತಿರುಗಿಸಿದಾಗ ಎಂಜಿನ್ ನಿಧಾನವಾಗಿ ತಿರುಗಿದರೆ, ಅಥವಾ 'ಟಕ್' ಎಂದು ಸುಮ್ಮನಾದರೆ, ದೋಷವು ವಿದ್ಯುತ್ ಹಾದಿಯಲ್ಲಿದೆ: ಬ್ಯಾಟರಿ, ಕೇಬಲ್, ಸೆಲ್ಫ್ ಮೋಟಾರು. ಎಂಜಿನ್ ಎಂದಿನ ವೇಗದಲ್ಲೇ ತಿರುಗುತ್ತಿದ್ದು ಹೊತ್ತಿಕೊಳ್ಳದಿದ್ದರೆ, ದೋಷವು ಇಂಧನ, ಕಿಡಿ ಅಥವಾ ಗಾಳಿಯ ಕಡೆಗಿದೆ. ಈ ಒಂದು ವಿಂಗಡಣೆಯನ್ನು ಮಾಡಿಕೊಂಡರೆ ಅರ್ಧದಷ್ಟು ಅನಾವಶ್ಯಕ ಖರೀದಿ ಅಲ್ಲಿಗೇ ನಿಲ್ಲುತ್ತದೆ. ಎರಡನೆಯ ಬಗೆಯ ರೋಗಕ್ಕೆ ಹೊಸ ಬ್ಯಾಟರಿ ಹಾಕಿಸಿದವರನ್ನೂ, ಮೊದಲನೆಯದಕ್ಕೆ ಸ್ಪಾರ್ಕ್ ಪ್ಲಗ್ ಬದಲಿಸಿದವರನ್ನೂ ನಾನು ಕಂಡಿದ್ದೇನೆ.

ತೊಂದರೆ ಯಾವಾಗ ಕಾಣಿಸುತ್ತದೆಂಬುದನ್ನೂ ಒಂದು ಚೀಟಿಯಲ್ಲಿ ಬರೆದಿಡುವುದು ಒಳ್ಳೆಯದು. ರಾತ್ರಿಯಿಡೀ ನಿಂತ ಮೇಲೋ, ಮಳೆ ಬಂದ ದಿನವೋ, ಅಥವಾ ದೂರ ಓಡಿಸಿ ಹತ್ತು ನಿಮಿಷ ನಿಲ್ಲಿಸಿದ ಮೇಲೋ? ಒಂದು ವಾರದ ಇಂಥ ಟಿಪ್ಪಣಿಯನ್ನು ಕೈಗಿತ್ತರೆ ಮೆಕ್ಯಾನಿಕ್ ಕೂಡ ಬೇರೆ ರೀತಿಯಲ್ಲಿ ಮಾತನಾಡುತ್ತಾನೆ.

ಎಂಜಿನ್ ನಿಧಾನವಾಗಿ ತಿರುಗಿದಾಗ

ಕೆಲವೇ ನೂರು ರೂಪಾಯಿಗೆ ದೊರೆಯುವ ಡಿಜಿಟಲ್ ಮಲ್ಟಿಮೀಟರ್ ಇಲ್ಲಿ ಸಾಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯ ಎರಡು ಕಂಬಗಳ ನಡುವೆ ಡಿ.ಸಿ. ವೋಲ್ಟ್ ಅಳೆಯಬೇಕು. ಸಾಮಾನ್ಯ ಲೆಡ್-ಆಸಿಡ್ ಬ್ಯಾಟರಿ ಪೂರ್ತಿ ತುಂಬಿದ್ದರೆ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. 12.2 ಎಂದರೆ ಸುಮಾರು ಅರ್ಧ. 12ಕ್ಕಿಂತ ಕಡಿಮೆಯೆಂದರೆ ಬಹುತೇಕ ಖಾಲಿ. ಅನಂತರ ಇನ್ನೊಬ್ಬರಿಂದ ಕೀಲಿ ತಿರುಗಿಸಿ ಅದೇ ಜಾಗದಲ್ಲಿ ನೋಡಬೇಕು. ಸೆಲ್ಫ್ ತಿರುಗುವಾಗ ವೋಲ್ಟೇಜ್ ಇಳಿಯುವುದು ಸಹಜ. ಆದರೆ ನಮ್ಮ ಹವೆಯಲ್ಲಿ ಅದು 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಖಾಲಿಯಾಗಿದೆ ಅಥವಾ ಸತ್ವ ಕಳೆದುಕೊಂಡಿದೆ. ಕೊನೆಯದಾಗಿ, ಎಂಜಿನ್ ಓಡುವಾಗ 13.8ರಿಂದ 14.4 ವೋಲ್ಟ್ ಇರಬೇಕು. ಅಷ್ಟು ಬಾರದಿದ್ದರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟಿನ ಕಡೆ ನೋಡಬೇಕಾಗುತ್ತದೆ. ಈಚಿನ ಕೆಲವು ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜಿಂಗನ್ನು ಹೆಚ್ಚು ಕಡಿಮೆ ಮಾಡುತ್ತದೆ. ಅಲ್ಲಿ ಈ ಅಂಕಿಯನ್ನು ಕಟ್ಟುನಿಟ್ಟಾಗಿ ಹಿಡಿಯಬಾರದು.

ನನ್ನ ಕಾರಿನಲ್ಲಿ ಈ ಮೂರೂ ಲೆಕ್ಕ ಸರಿಯಾಗಿಯೇ ಇದ್ದವು. ಸೆಲ್ಫ್ ಹೊಡೆಯುವಾಗ ಬ್ಯಾಟರಿಯಲ್ಲಿ 10.6 ವೋಲ್ಟ್ ಇತ್ತು, ಆದರೂ ಎಂಜಿನ್ ಏದುತ್ತಿತ್ತು. ಆಗ ಮಿತ್ರರು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೂ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹದ ಮೇಲೂ ಇಟ್ಟು, "ಈಗ ಕೀಲಿ ತಿರುಗಿಸ್ರಿ" ಎಂದರು. ಆ ಎರಡು ಜಾಗಗಳನ್ನು ದಪ್ಪ ಕೇಬಲ್ ಸೇರಿಸಿರುವುದರಿಂದ ಅಲ್ಲಿ ಸೊನ್ನೆಗೆ ಸಮೀಪದ ಅಂಕಿ ಬರಬೇಕು; 0.2 ಅಥವಾ 0.3 ವೋಲ್ಟ್‌ವರೆಗೆ ಸಹಿಸಬಹುದು. ನಮಗೆ ಬಂದದ್ದು 1.3.

ಇದರ ಅರ್ಥವನ್ನು ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಗೋದಾಮಿನಿಂದ ಹೊರಟ ಮಾಲು ಅಂಗಡಿ ತಲುಪುವಷ್ಟರಲ್ಲಿ ಹಾದಿಯಲ್ಲಿ ಸೋರಿಹೋಗಿದೆ. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ಮೋಟಾರು ನೂರು ಆಂಪಿಯರಿಗೂ ಮಿಕ್ಕಿ ವಿದ್ಯುತ್ತನ್ನು ಎಳೆಯುತ್ತದೆ. 130 ಆಂಪಿಯರ್ ಎಂದಿಟ್ಟುಕೊಂಡರೆ, ಕೇವಲ 0.01 ಓಮ್, ಅಂದರೆ ಒಂದು ಓಮಿನ ನೂರನೆಯ ಒಂದು ಭಾಗದಷ್ಟು ತಡೆಯು 1.3 ವೋಲ್ಟನ್ನು ನುಂಗಿಬಿಡುತ್ತದೆ. ಎರಡೂ ಹೆಡ್‌ಲೈಟುಗಳು ಸೇರಿ ಎಳೆಯುವುದು ಸುಮಾರು 10 ಆಂಪಿಯರ್. ಅದೇ ತಡೆಯ ಮೂಲಕ ಹೋದರೂ ಅವುಗಳಿಗೆ ನಷ್ಟವಾಗುವುದು 0.1 ವೋಲ್ಟ್ ಮಾತ್ರ. "ದೀಪ, ಹಾರ್ನ್ ಎಲ್ಲ ಸರಿಯಾಗಿವೆ, ಸೆಲ್ಫ್ ಮಾತ್ರ ಎಳೆಯುತ್ತಿಲ್ಲ" ಎಂಬ ಸಾಮಾನ್ಯ ದೂರಿನ ಒಳಗುಟ್ಟು ಇದೇ. ಕೇಬಲ್ಲನ್ನು ಬಿಚ್ಚಿ ಓಮ್ ಅಳತೆಯಲ್ಲಿ ನೋಡಿದರೆ ಸಾಧಾರಣ ಮೀಟರಿಗೆ ಇಷ್ಟು ಸಣ್ಣ ತಡೆ ಕಾಣುವುದಿಲ್ಲ. ಭಾರ ಬಿದ್ದಾಗಲೇ ಅಳೆಯಬೇಕು.

ಹುಡುಕಿದಾಗ ಸಿಕ್ಕಿದ್ದು, ನೆಗೆಟಿವ್ ಕೇಬಲ್ಲು ಗೇರ್‌ಬಾಕ್ಸಿಗೆ ಸೇರುವ ಒಂದೇ ಒಂದು ಬೋಲ್ಟು. ಅದರ ಕೆಳಗೆ ತುಕ್ಕು, ಎಣ್ಣೆ, ಮಣ್ಣು ಸೇರಿ ಒಂದು ಪದರವೇ ಕಟ್ಟಿತ್ತು. ಬ್ಯಾಟರಿಯ ನೆಗೆಟಿವ್ ಹಿಡಿಕೆಯನ್ನು ಕಳಚಿ, ಬೋಲ್ಟ್ ಬಿಚ್ಚಿ, ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿದೆವು. ಮೀಟರು 0.1ಕ್ಕೆ ಇಳಿಯಿತು; ಎಂಜಿನ್ ಮೊದಲ ಸುತ್ತಿಗೇ ಹೊತ್ತಿಕೊಂಡಿತು. ಖರ್ಚು, ಎರಡು ಕಪ್ ಚಹಾ. ಹೊಸ ಬ್ಯಾಟರಿಯು ತನ್ನ ಹೆಚ್ಚಿನ ಕಸುವಿನಿಂದ ಮೂರು ವಾರ ಆ ದೋಷವನ್ನು ಮುಚ್ಚಿಟ್ಟಿತ್ತು, ಅಷ್ಟೆ. ಹಳೆಯ ಬ್ಯಾಟರಿಯನ್ನು ಅಂದು ಅಳೆದು ನೋಡಲೇ ಇಲ್ಲವೆಂಬುದು ನನಗೆ ಇಂದಿಗೂ ಚುಚ್ಚುವ ಸಂಗತಿ.

ಪಾಸಿಟಿವ್ ಕಡೆಗೂ ಇದೇ ಪರೀಕ್ಷೆ ನಡೆಯಬೇಕು. ಬ್ಯಾಟರಿಯ ಪಾಸಿಟಿವ್ ಕಂಬದಿಂದ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿನವರೆಗೆ ಅರ್ಧ ವೋಲ್ಟ್ ಮೀರಬಾರದು. ಬ್ಯಾಟರಿಯ ಕಂಬಗಳ ಮೇಲೆ ಹಸಿರು-ಬಿಳಿ ಕಿಲುಬು ಕಂಡರೆ, ಕೇಬಲ್ ಕಳಚಿ, ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ತೊಳೆದು, ಒರೆಸಿ, ಬಿಗಿದ ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಸೋಡಾ ನೀರು ಬ್ಯಾಟರಿಯ ಒಳಕ್ಕೆ ಹೋಗದಂತೆ ಎಚ್ಚರವಿರಲಿ. ಕಳಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಹೀಗೆ ಮಾಡಿದರೆ ಸ್ಪಾನರು ಕಾರಿನ ಮೈಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುವುದರಿಂದ ಬೀಡಿ, ಬೆಂಕಿ ಹತ್ತಿರ ಸುಳಿಯಬಾರದು. ಪರೀಕ್ಷೆಯ ಹೊತ್ತಿಗೆ ಗೇರ್ ನ್ಯೂಟ್ರಲ್‌ನಲ್ಲಿದ್ದು ಹ್ಯಾಂಡ್ ಬ್ರೇಕ್ ಹಾಕಿರಬೇಕು. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆದರೆ ಮೋಟಾರು ಕಾಯುತ್ತದೆ. ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು.

ತಿರುಗುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ

ಕಾರ್ಬುರೇಟರ್ ಕಾಲದಲ್ಲಿ ಚೋಕ್ ಎಳೆಯುವುದು, ಆಕ್ಸಿಲರೇಟರ್ ತುಳಿಯುವುದು ಮುಂತಾದ ಕೈಚಳಕಗಳಿದ್ದವು. ಈಗಿನ ಇಂಜೆಕ್ಷನ್ ಎಂಜಿನ್ನುಗಳಿಗೆ ಅವುಗಳ ಅಗತ್ಯವಿಲ್ಲ. ಇಲ್ಲಿ ಟ್ಯಾಂಕಿನೊಳಗಿನ ವಿದ್ಯುತ್ ಪಂಪು ಪೆಟ್ರೋಲನ್ನು ಒತ್ತಡದಲ್ಲಿ ಕಳಿಸುತ್ತದೆ. ಎಂಜಿನ್ ನಿಲ್ಲಿಸಿದ ಮೇಲೂ ಕೊಳವೆಯಲ್ಲಿ ಒತ್ತಡ ಉಳಿಯುವಂತೆ ಒಂದು ಸಣ್ಣ ಕವಾಟ ನೋಡಿಕೊಳ್ಳುತ್ತದೆ. ಕೀಲಿಯನ್ನು 'ಆನ್'ಗೆ ತಂದಾಗ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡು 'ಗುಂಯ್' ಎಂದು ಕೇಳುವುದು ಆ ಪಂಪಿನ ಸದ್ದು. ಅದು ಕೇಳಿಸದಿದ್ದರೆ ಮೊದಲು ಫ್ಯೂಸ್, ರಿಲೇ ನೋಡಬೇಕು.

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಸಾಗಿಸುವ ಕಕ್ಷಿದಾರರೊಬ್ಬರು ಒಮ್ಮೆ ಬೆಳಗಿನ ಐದಕ್ಕೆ ಫೋನ್ ಮಾಡಿದರು. ಅವರ ಪೆಟ್ರೋಲ್ ಸರಕು ವ್ಯಾನು ಕೆಲವು ದಿನಗಳಿಂದ ಬೆಳಿಗ್ಗೆ ಮಾತ್ರ ಬಹಳ ಹೊತ್ತು ಸೆಲ್ಫ್ ಹೊಡೆಸಿಕೊಳ್ಳುತ್ತಿತ್ತು. ಅಂದು ಹೊತ್ತಿಕೊಳ್ಳಲೇ ಇಲ್ಲ. ಮಾಲು ತುಂಬಿ ನಿಂತಿತ್ತು. ಸೆಲ್ಫ್ ಹೊಡೆಯದೆ ಕೀಲಿಯನ್ನು ಆನ್ ಮಾಡಿ, ಪಂಪಿನ ಸದ್ದು ನಿಂತ ಮೇಲೆ ಆಫ್ ಮಾಡಿ, ಹೀಗೆ ಮೂರು ಸಲ ಮಾಡಿದ ನಂತರ ಸ್ಟಾರ್ಟ್ ಮಾಡಲು ಹೇಳಿದೆ. ಗಾಡಿ ಹೊರಟಿತು. ರಾತ್ರಿಯಲ್ಲಿ ಒತ್ತಡ ಇಳಿದುಹೋಗುತ್ತಿದೆ, ಮೂರು ಸಲದ ಪಂಪಿಂಗ್ ಅದನ್ನು ತುಂಬಿಕೊಟ್ಟಿತು ಎಂಬುದು ಇದರಿಂದ ಖಚಿತವಾಯಿತು. ಇದಕ್ಕೆ ಕಾರಣ ಪಂಪಿನ ಕವಾಟವಿರಬಹುದು ಅಥವಾ ತೊಟ್ಟಿಕ್ಕುವ ಇಂಜೆಕ್ಟರ್ ಇರಬಹುದು. ವ್ಯಾಪಾರವಿಲ್ಲದ ದಿನ ಗ್ಯಾರೇಜಿನಲ್ಲಿ ಗೇಜ್ ಹಾಕಿ ನೋಡಿದಾಗ ಕವಾಟವೇ ಎಂದು ತಿಳಿದು ಪಂಪು ಬದಲಾಯಿತು. ಪ್ಲಗ್ಗು, ಕಾಯಿಲ್, ಬ್ಯಾಟರಿ ಎಂದು ಸುತ್ತಾಡುವುದು ತಪ್ಪಿತು.

ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುವುದು ಮನೆಯಲ್ಲಿ ಸಾಧ್ಯ, ಎಂಜಿನ್ ತಣಿದಿರಬೇಕಷ್ಟೆ. ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಪೆಟ್ರೋಲಿನ ವಾಸನೆಯೊಡನೆ ಒದ್ದೆಯಾಗಿದ್ದರೆ ಕಿಡಿ ದುರ್ಬಲವಾಗಿದೆ ಅಥವಾ ಪೆಟ್ರೋಲ್ ಹೆಚ್ಚಾಗಿದೆ. ಪ್ಲಗ್ಗಿನ ಗ್ಯಾಪ್ ಎಷ್ಟಿರಬೇಕೆಂಬುದು ವಾಹನದ ಕೈಪಿಡಿಯಲ್ಲಿರುತ್ತದೆ. ಬಿಸಿಯಾದಾಗ ಮಾತ್ರ ತೊಂದರೆಯೆಂದರೆ ಕೂಲೆಂಟ್ ತಾಪಮಾನದ ಸೆನ್ಸರ್ ಮೇಲೆ ಸಂಶಯ ಪಡಬಹುದು. ಎಂಜಿನ್ ಇನ್ನೂ ತಣ್ಣಗಿದೆಯೆಂದು ಅದು ಸುಳ್ಳು ಹೇಳಿದರೆ ಕಂಪ್ಯೂಟರು ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಬಹುತೇಕ ಕಾರುಗಳಲ್ಲಿ ಈ ಸೆನ್ಸರಿನ ತಡೆ 20 ಡಿಗ್ರಿಯಲ್ಲಿ ಎರಡು-ಮೂರು ಸಾವಿರ ಓಮ್ ಇದ್ದು, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸಿಗೆ ಇಳಿಯುತ್ತದೆ. ಡ್ಯಾಷ್‌ಬೋರ್ಡಿನಲ್ಲಿ ಕೀಲಿಯ ಚಿತ್ರದ ದೀಪ ಮಿನುಗುತ್ತಿದ್ದರೆ ಇದಾವುದೂ ಅಲ್ಲ, ಕಳ್ಳತನ ತಡೆಯುವ ಇಮ್ಮೊಬಿಲೈಜರ್. ಎರಡನೆಯ ಕೀಲಿಯಿಂದ ಪ್ರಯತ್ನಿಸಿ ನೋಡಬೇಕು.

2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇ. 20ರ ಮಟ್ಟ ಮುಟ್ಟಿತು. ಎಥನಾಲ್ ನೀರನ್ನು ಹೀರಿಕೊಳ್ಳುವ ಗುಣದ್ದು. ಆದ್ದರಿಂದ ತಿಂಗಳುಗಟ್ಟಲೆ ನಿಲ್ಲಿಸುವ ವಾಹನದಲ್ಲಿ ಹಳೆಯ ಪೆಟ್ರೋಲನ್ನು ತಳದಲ್ಲಿ ಬಿಟ್ಟಿರುವುದು ಲೇಸಲ್ಲ. ಡೀಸೆಲ್ ವಾಹನದವರು ಕೀಲಿ ಆನ್ ಮಾಡಿದ ಮೇಲೆ ಸುರುಳಿ ಚಿತ್ರದ ದೀಪ ಆರುವವರೆಗೆ ಕಾದು ಸೆಲ್ಫ್ ಹೊಡೆಯಬೇಕು. ಅದಕ್ಕೂ ಹೊತ್ತಿಕೊಳ್ಳದಿದ್ದರೆ ಗ್ಲೋ ಪ್ಲಗ್ ಅಥವಾ ಕೊಳವೆಯಲ್ಲಿ ಸೇರಿದ ಗಾಳಿ ಕಾರಣವಿರಬಹುದು. ಕಾಮನ್ ರೈಲ್ ಡೀಸೆಲ್ ಎಂಜಿನ್ನಿನ ಇಂಧನ ಕೊಳವೆಗಳನ್ನು ಮಾತ್ರ ಮನೆಯಲ್ಲಿ ಸಡಿಲಿಸಬಾರದು. ಅಲ್ಲಿನ ಒತ್ತಡ ಸಾವಿರ ಬಾರ್‌ಗೂ ಮೀರುತ್ತದೆ. ಚಿಮ್ಮಿದ ಡೀಸೆಲ್ ಚರ್ಮವನ್ನು ತೂರಿ ಒಳಹೊಗುತ್ತದೆ. ಪೆಟ್ರೋಲ್ ಕೊಳವೆಯ ಒತ್ತಡ ಅಳೆಯುವುದೂ ಗ್ಯಾರೇಜಿನವರ ಕೆಲಸವೇ.

ಬಿಲ್ಲಿನ ವಿಚಾರ

ವೃತ್ತಿಯ ಅಭ್ಯಾಸಬಲದಿಂದ ಇದನ್ನೂ ಹೇಳಿಬಿಡುತ್ತೇನೆ. ಬ್ಯಾಟರಿ, ಪಂಪು ಮುಂತಾದವುಗಳ ಬದಲಾವಣೆ ಸಾಮಾನ್ಯವಾಗಿ ದುರಸ್ತಿ ಖರ್ಚು. ವಾಹನದ ಮೌಲ್ಯಕ್ಕೆ ಸೇರಿಸಿ ಸವಕಳಿ ಕೇಳುವುದು ಬೇಡ. ಮನೆಗೂ ಅಂಗಡಿಗೂ ಒಂದೇ ಕಾರು ಬಳಸುವವರು ಸ್ವಂತ ಬಳಕೆಯ ಪಾಲನ್ನು ಬಿಟ್ಟು ಉಳಿದದ್ದನ್ನಷ್ಟೇ ಬರೆಯಬೇಕು. ಅಂದಾಜು ಆದಾಯ ಪದ್ಧತಿಯಲ್ಲಿರುವವರಿಗೆ ಈ ಖರ್ಚು ಪ್ರತ್ಯೇಕವಾಗಿ ಕಳೆಯಲು ಬರುವುದಿಲ್ಲ. ಜಿಎಸ್‌ಟಿ ಕಾನೂನಿನ ಕಲಂ 17(5)ರಂತೆ, ಚಾಲಕನೂ ಸೇರಿ 13 ಜನರವರೆಗೆ ಕೂರುವ ಪ್ರಯಾಣಿಕ ವಾಹನಗಳ ದುರಸ್ತಿ ಸೇವೆಯ ಮೇಲಿನ ತೆರಿಗೆಗೆ, ಕಾರು ಮಾರುವವರು, ಪ್ರಯಾಣಿಕರನ್ನು ಸಾಗಿಸುವವರು, ಡ್ರೈವಿಂಗ್ ಕಲಿಸುವವರು ಮುಂತಾದವರನ್ನು ಬಿಟ್ಟು ಉಳಿದವರಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಸರಕು ಸಾಗಣೆಯ ವಾಹನಕ್ಕೆ ಈ ತಡೆಯಿಲ್ಲ. ಬಿಲ್ಲಿನಲ್ಲಿ ನಿಮ್ಮ ಸಂಸ್ಥೆಯ ಹೆಸರು, ಜಿಎಸ್‌ಟಿ ಸಂಖ್ಯೆ ಸರಿಯಾಗಿ ಬರೆದಿರಬೇಕು. ಬದಲಿಸಿದ ಭಾಗದ ಹೆಸರು ಮತ್ತು ಹಳೆಯದಕ್ಕೆ ಕೊಟ್ಟ ವಿನಿಮಯ ಬೆಲೆ ಎರಡನ್ನೂ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಸಾಧ್ಯವಾದರೆ ಹಳೆಯ ಭಾಗವನ್ನು ವಿನಿಮಯಕ್ಕೆ ಕೊಡುವ ಮುನ್ನ ನಿಮ್ಮೆದುರಿಗೇ ಒಮ್ಮೆ ಅಳೆಸಿ ನೋಡಿ.