ಟೈಲ್ಸ್ ಅಡಿಯ ಕೆಲಸ

ಬಚ್ಚಲುಮನೆ ನವೀಕರಣದಲ್ಲಿ ಕೆಲಸ ಕೆಟ್ಟಿದ್ದರೆ ಅದು ಎಷ್ಟೋ ಸಲ ಮೊದಲು ಗೊತ್ತಾಗುವುದು ಕೆಳಗಿನ ಮನೆಯವರಿಗೆ. ಅವರ ಚಾವಣಿಯಲ್ಲಿ ಅಂಗೈಯಗಲದ ಒದ್ದೆ ಕಲೆ ಮೂಡುತ್ತದೆ, ಬಣ್ಣ ಗುಳ್ಳೆಯೇಳುತ್ತದೆ, ಕೆಲವು ವಾರಗಳಲ್ಲಿ ಅಲ್ಲಿ ಬಿಳಿ ಉಪ್ಪು ಹೂವಿನಂತೆ ಅರಳುತ್ತದೆ. ಮೇಲಿನ ಮನೆಯಲ್ಲಿ ಮಾತ್ರ ಹೊಸ ಟೈಲ್ಸ್ ಫಳಫಳ ಹೊಳೆಯುತ್ತಿರುತ್ತವೆ. ಮೇಸ್ತ್ರಿಯ ಲೆಕ್ಕ ಚುಕ್ತಾ ಆಗಿರುತ್ತದೆ, ಅವರ ಫೋನು ಹತ್ತು ಸಲಕ್ಕೆ ಒಮ್ಮೆ ಸಿಗುತ್ತದೆ. ಬಚ್ಚಲುಮನೆಯ ಮುಖ್ಯ ಕೆಲಸವೆಲ್ಲ ಮುಚ್ಚಿಹೋಗುವ ಕೆಲಸ. ಒಂದು ಪದರದಲ್ಲಾದ ತಪ್ಪನ್ನು ಅದರ ಮೇಲಿನ ಪದರ ಮರೆಮಾಡುತ್ತದೆ. ಆದ್ದರಿಂದ ಕಳಪೆ ಕೆಲಸವನ್ನು ಮುಚ್ಚುವ ಮೊದಲೇ ಹಿಡಿಯಬೇಕು, ಹಣವನ್ನೂ ಪದರ ಪದರವಾಗಿಯೇ ಕೊಡಬೇಕು.

ಹಳೆಯ ಮನೆಗಳಲ್ಲಿ ಈ ತೊಂದರೆ ಇಷ್ಟು ಕಾಡುತ್ತಿರಲಿಲ್ಲ. ಹಂಡೆ, ಒಲೆ, ಕಲ್ಲುಚಪ್ಪಡಿ ಇದ್ದ ಬಚ್ಚಲು ಮನೆಯ ಹಿಂಬದಿಯಲ್ಲಿರುತ್ತಿತ್ತು. ನೀರು ತೆರೆದ ಮೋರಿಯಲ್ಲಿ ಹಿತ್ತಿಲಿಗೆ ಹರಿದು ಬಾಳೆಯ ಬುಡ ಸೇರುತ್ತಿತ್ತು. ಚಪ್ಪಡಿಯ ಸಂದಿನಲ್ಲಿ ಒಂದಿಷ್ಟು ಇಳಿದರೂ ಕೆಳಗೆ ಮಣ್ಣು. ಈಗ ಬಚ್ಚಲು ಮಲಗುವ ಕೋಣೆಗೆ ಅಂಟಿಕೊಂಡಿದೆ, ಮಹಡಿಯ ಮೇಲೆ ಮಹಡಿಯಾಗಿ ಇನ್ನೊಬ್ಬರ ತಲೆಯ ಮೇಲೆ ಕುಳಿತಿದೆ. ಅಪಾರ್ಟ್‌ಮೆಂಟುಗಳಲ್ಲಿ ಹೆಚ್ಚಾಗಿ ಬಚ್ಚಲಿನ ಭಾಗದ ಸ್ಲ್ಯಾಬನ್ನು ತಗ್ಗಿಸಿ ಕಟ್ಟಿರುತ್ತಾರೆ; ಮೇಸ್ತ್ರಿಗಳ ಬಾಯಲ್ಲಿ ಅದು ‘ಸಂಕನ್ ಸ್ಲ್ಯಾಬ್’. ಆ ತಗ್ಗಿನಲ್ಲಿ ಪೈಪು ಎಳೆದು, ಇಟ್ಟಿಗೆ ಚೂರು ಇಲ್ಲವೆ ಸಿಂಡರ್ ತುಂಬಿ, ಮೇಲೆ ಕಾಂಕ್ರೀಟ್ ಹಾಸಿ ಟೈಲ್ಸ್ ಕೂರಿಸುತ್ತಾರೆ. ಒಮ್ಮೆ ಒಳಗಿಳಿದ ನೀರಿಗೆ ಅಲ್ಲಿಂದ ಹೊರದಾರಿಯಿಲ್ಲ. ತುಂಬಿದ ಚೂರೆಲ್ಲ ಸ್ಪಂಜಿನಂತೆ ನೀರು ಹೀರಿಕೊಂಡು ತಿಂಗಳುಗಟ್ಟಲೆ ಜಿನುಗಿಸುತ್ತಲೇ ಇರುತ್ತದೆ. ಆ ತೇವ ಸ್ಲ್ಯಾಬಿನ ಕಬ್ಬಿಣ ಮುಟ್ಟಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಬಿರಿದು ಚಕ್ಕೆಯೇಳುತ್ತದೆ. ಅಂದಕ್ಕೆಂದು ಶುರುವಾದ ಕೆಲಸ ಕಟ್ಟಡದ ಗಟ್ಟಿತನಕ್ಕೇ ಕೈ ಹಾಕುವುದು ಹೀಗೆ.

ನವೀಕರಣದಲ್ಲಿ ಮೊದಲ ಪೆಟ್ಟು ಬೀಳುವುದು ಒಡೆಯುವಾಗ. ಹಳೆಯ ಟೈಲ್ಸನ್ನು ಬ್ರೇಕರ್ ಮೆಷಿನ್ನಿನಲ್ಲಿ ಎಬ್ಬಿಸುವಾಗ ಕೆಳಗಿನ ವಾಟರ್‌ಪ್ರೂಫಿಂಗ್ ಪದರವೂ ಹರಿಯುತ್ತದೆ, ಹಳೆಯ ಪೈಪಿನ ಜಾಯಿಂಟ್ ಸಡಿಲವಾಗುತ್ತದೆ. ‘ಹಳೆಯ ವಾಟರ್‌ಪ್ರೂಫಿಂಗ್ ಗಟ್ಟಿ ಇದೆ, ಟೈಲ್ಸ್ ಮಾತ್ರ ಬದಲಾಯಿಸೋಣ’ ಎಂಬ ಸಲಹೆಯನ್ನು ನೆಲ ಅಗೆದ ಮೇಲೆ ಒಪ್ಪಬಾರದು.

ಮುಂದಿನದು ಪೈಪು. ಬಿಸಿನೀರಿಗೆ ಸಿಪಿವಿಸಿಯಂಥ ಕಾವು ತಡೆಯುವ ಪೈಪೇ ಬೇಕು. ಗೀಸರಿನಿಂದ ಬರುವ ಲೈನಿಗೆ ಸಾದಾ ಪಿವಿಸಿ ಹಾಕಿದರೆ ಅದು ಕಾವಿಗೆ ಮೆತ್ತಗಾಗಿ ಜಾಯಿಂಟಿನಲ್ಲಿ ಬಿಟ್ಟುಕೊಳ್ಳುತ್ತದೆ. ಗೋಡೆ ಕೊರೆದು ಕೂರಿಸಿದ ಪೈಪಿಗೆ ಗಿಲಾವು ಮಾಡುವ ಮುನ್ನ ಬಾಯಿಗಳನ್ನೆಲ್ಲ ಮುಚ್ಚಿ, ಕೈಪಂಪಿನಿಂದ ಒತ್ತಡ ಕೊಟ್ಟು, ಮೀಟರಿನ ಮುಳ್ಳು ಇಳಿಯುತ್ತದೆಯೇ ಎಂದು ಕೆಲವು ಗಂಟೆ ನೋಡಬೇಕು. ಮುಳ್ಳು ನಿಂತಲ್ಲೇ ನಿಂತಿದ್ದರೆ ಮಾತ್ರ ಗಾರೆ ಹಚ್ಚಲು ಬಿಡುವುದು. ಕಮೋಡಿನ ಅಳತೆಯನ್ನೂ ಆಗಲೇ ನೋಡಿಕೊಳ್ಳಬೇಕು. ನೆಲದೊಳಗೆ ಇಳಿಯುವ ಎಸ್ ಟ್ರ್ಯಾಪ್ ಕಮೋಡುಗಳಲ್ಲಿ ಪೈಪಿನ ನಡುಬಿಂದು ಗೋಡೆಯಿಂದ 9 ಅಂಗುಲ, 12 ಅಂಗುಲ ಎಂದು ಬೇರೆಬೇರೆ ಮಾದರಿಗಳಿವೆ. ಈ ಅಂತರ ಟೈಲ್ಸ್ ಅಂಟಿಸಿದ ಮೇಲಿನ ಗೋಡೆಯಿಂದ ಲೆಕ್ಕವಾಗುವುದು. ಬರಿ ಇಟ್ಟಿಗೆಯಿಂದ ಅಳೆದವರ ಕಮೋಡು ಕೊನೆಗೆ ಹಿಂದಿನ ಗೋಡೆಗೆ ಡಿಕ್ಕಿಯಾಗಿ ಪೈಪಿನ ಬಾಯಿಗೆ ಸರಿಯಾಗಿ ಕೂರುವುದೇ ಇಲ್ಲ.

ಪೈಪಿನ ನಂತರದ ವಾಟರ್‌ಪ್ರೂಫಿಂಗ್ ಇಡೀ ಕೆಲಸದ ಜೀವ, ಹೆಚ್ಚು ಮೋಸ ನಡೆಯುವುದೂ ಅಲ್ಲೇ. ಸಿಮೆಂಟಿನ ಹಾಲು ಬಳಿದು ‘ವಾಟರ್‌ಪ್ರೂಫಿಂಗ್ ಆಯ್ತು’ ಎನ್ನುವವರಿದ್ದಾರೆ. ಸರಿಯಾದ ಕೆಲಸದಲ್ಲಿ ನೆಲ ಮತ್ತು ಗೋಡೆ ಕೂಡುವ ಮೂಲೆಯನ್ನು ಗಾರೆಯಿಂದ ದುಂಡಗೆ ಮಾಡುತ್ತಾರೆ, ಪೈಪು ಹಾದುಹೋಗುವ ಸಂದನ್ನು ತುಂಬುತ್ತಾರೆ, ಆಮೇಲೆ ಒಂದು ಕೋಟು ಉದ್ದಕ್ಕೆ, ಅದು ಒಣಗಿದ ಮೇಲೆ ಇನ್ನೊಂದು ಅಡ್ಡಕ್ಕೆ ಬಳಿಯುತ್ತಾರೆ. ಗೋಡೆಯ ಮೇಲೂ ಅದು ಒಂದಡಿಯಾದರೂ ಏರಬೇಕು, ಷವರ್ ಇರುವ ಕಡೆ ಆಳೆತ್ತರಕ್ಕೆ.

ಇದನ್ನು ಪರೀಕ್ಷಿಸುವುದು ಯಾರಿಗಾದರೂ ಸಾಧ್ಯ. ನೆಲದ ಟ್ರ್ಯಾಪಿಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬಟ್ಟೆಯ ಉಂಡೆ ತುರುಕಿ, ಬಾಗಿಲಲ್ಲಿ ಗಾರೆಯ ಸಣ್ಣ ಕಟ್ಟೆ ಕಟ್ಟಿ, ಎರಡು ಮೂರು ಅಂಗುಲ ನೀರು ನಿಲ್ಲಿಸುತ್ತಾರೆ. ನೀರಿನ ಅಂಚಿಗೆ ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಾರೆ. ಒಂದು ಬಕೆಟ್ಟಿನಲ್ಲೂ ನೀರು ತುಂಬಿ, ಗೆರೆ ಎಳೆದು, ಅದೇ ಕೋಣೆಯಲ್ಲಿ ಇಡಬೇಕು. ಎರಡು ದಿನ ಬಿಟ್ಟು ನೋಡಿದರೆ ಎರಡರಲ್ಲೂ ನೀರು ಒಂದಿಷ್ಟು ಇಳಿದಿರುತ್ತದೆ, ಅದು ಆವಿಯಾದದ್ದು. ಬಕೆಟ್ಟಿನಲ್ಲಿ ನೂಲೆಳೆಯಷ್ಟು ಇಳಿದು, ನೆಲದಲ್ಲಿ ಬೆರಳಗಲ ಇಳಿದಿದ್ದರೆ ಆ ವ್ಯತ್ಯಾಸವೆಲ್ಲ ಸೋರಿಕೆ. ಕೆಳಗಿನ ಮನೆಯವರ ಅನುಮತಿ ಕೇಳಿ ಚಾವಣಿಯನ್ನೂ ಕೈಯಿಂದ ಮುಟ್ಟಿ ನೋಡಬೇಕು. ತಗ್ಗು ತುಂಬುವ ಮೊದಲು ಒಮ್ಮೆ, ತುಂಬಿ ಕಾಂಕ್ರೀಟ್ ಹಾಸಿದ ಮೇಲೆ ಇನ್ನೊಮ್ಮೆ ಈ ಪರೀಕ್ಷೆ ಆಗಬೇಕು. ಕೆಲಸ ಎರಡು ದಿನ ನಿಲ್ಲುತ್ತದೆಂದು ಮೇಸ್ತ್ರಿ ಗೊಣಗಬಹುದು. ಆ ಎರಡು ದಿನದ ಕೂಲಿ ಸೇರಿಸಿ ಕೊಟ್ಟರೂ ನಷ್ಟವಿಲ್ಲ.

ವಾಟದ ವಿಷಯಕ್ಕೆ ಬಂದರೆ, ಬಾಗಿಲಿನಿಂದ ಟ್ರ್ಯಾಪಿನವರೆಗೆ ಮೀಟರಿಗೆ ಕನಿಷ್ಠ ಒಂದು ಸೆಂಟಿಮೀಟರಿನಷ್ಟಾದರೂ ಇಳಿಜಾರು ಬೇಕು. ರಸಮಟ್ಟ ಮತ್ತು ದಾರ ಹಿಡಿದು ಇದನ್ನು ಟೈಲ್ಸ್ ಹಾಕುವ ಮೊದಲೇ ನೋಡಬಹುದು. ಮೂಲೆಯಲ್ಲೊಂದು ಚಿಕ್ಕ ಜಾಲರಿ ಇಟ್ಟು, ನೆಲಕ್ಕೆ ಎರಡಡಿ ಚೌಕದ ಟೈಲ್ಸ್ ಆರಿಸಿದರೆ ಎಷ್ಟೇ ಪಳಗಿದ ಕೈಯಾದರೂ ಅಷ್ಟು ದೊಡ್ಡ ಹಲಗೆಯನ್ನು ನಾಲ್ಕೂ ಕಡೆಯಿಂದ ಒಂದು ಬಿಂದುವಿಗೆ ಬಾಗಿಸಲಾರದು. ಅಲ್ಲಿ ತಪ್ಪು ಆಯ್ಕೆಯದು, ಮೇಸ್ತ್ರಿಯದಲ್ಲ. ಒಂದಡಿಯ ಟೈಲ್ಸ್ ಆಗಬೇಕು, ಇಲ್ಲವೆ ಒಂದು ಗೋಡೆಯುದ್ದಕ್ಕೂ ಸಾಗುವ ಉದ್ದ ಜಾಲರಿ ಬೇಕು. ಕಳಪೆ ಕೆಲಸ ಎನಿಸಿಕೊಳ್ಳುವುದರಲ್ಲಿ ಒಂದು ಪಾಲು ಹೀಗೆ ಮನೆಯವರೇ ನಡುವೆ ಮನಸ್ಸು ಬದಲಾಯಿಸಿದ್ದರಿಂದ, ಅಳತೆಯ ಚಿತ್ರ ಬರೆದುಕೊಡದೆ ಬಾಯಿಮಾತಿನಲ್ಲಿ ಹೇಳಿದ್ದರಿಂದ ಆಗಿರುತ್ತದೆ. ಅದನ್ನು ಕೆಲಸಗಾರರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಟೈಲ್ಸ್ ಕೂರಿಸುವಲ್ಲಿ ಹಳೆಯ ರೂಢಿಯೊಂದು ಈಗ ಕೆಲಸ ಕೆಡಿಸುತ್ತಿದೆ. ಗೋಡೆಯ ಸೆರಾಮಿಕ್ ಟೈಲ್ಸ್ ನೀರು ಹೀರುವುದರಿಂದ ಅವನ್ನು ನೆನೆಸಿ ಸಿಮೆಂಟಿನಲ್ಲಿ ಅಂಟಿಸುವುದು ವಾಡಿಕೆ. ವಿಟ್ರಿಫೈಡ್ ಟೈಲ್ಸ್ ಹೀರುವ ನೀರು ಅವುಗಳ ತೂಕದ ಶೇ. 0.5ರಷ್ಟೂ ಇಲ್ಲ, ಬರಿ ಸಿಮೆಂಟು ಅವುಗಳ ಬೆನ್ನು ಹಿಡಿಯುವುದಿಲ್ಲ. ಅವಕ್ಕೆ ಅಂಟುಪುಡಿಯೇ ಬೇಕು; ಅದಕ್ಕೆ ಐಎಸ್ 15477 ಎಂಬ ಭಾರತೀಯ ಮಾನಕವಿದೆ. ಅಂಟನ್ನು ಹಲ್ಲಿನ ಕರಣೆಯಿಂದ ಇಡೀ ಬೆನ್ನಿಗೆ ಎಳೆಯಬೇಕು. ಉಳಿತಾಯಕ್ಕೆಂದು ನಾಲ್ಕು ಮೂಲೆಗೆ, ನಡುವಿಗೆ ಬೊಟ್ಟಿಟ್ಟಂತೆ ಹಚ್ಚಿದರೆ ಒಳಗೆ ಪೊಳ್ಳು ಉಳಿಯುತ್ತದೆ. ಒಂದು ನಾಣ್ಯದಿಂದ ಮೂಲೆಮೂಲೆ ತಟ್ಟಿದರೆ ಕಿವಿಗೇ ಗೊತ್ತಾಗುತ್ತದೆ: ತುಂಬಿದ ಟೈಲ್ ‘ಟಣ್’ ಎನ್ನುತ್ತದೆ, ಪೊಳ್ಳಾದದ್ದು ‘ಡಬ್’ ಎನ್ನುತ್ತದೆ. ಪೊಳ್ಳಿಗೆ ಸೀಮೆಸುಣ್ಣದಿಂದ ಗುರುತು ಹಾಕುತ್ತ ಹೋದರೆ ಕಾಲು ಗಂಟೆಯಲ್ಲಿ ಇಡೀ ಬಚ್ಚಲಿನ ಹಣೆಬರಹ ಗೋಡೆಯ ಮೇಲಿರುತ್ತದೆ.

ವಿದ್ಯುತ್ತಿನ ತಪ್ಪು ಮಾತ್ರ ಒಂದು ದಿನವೂ ತಡೆಯುವಂಥದ್ದಲ್ಲ. ಗೀಸರಿಗೆ 16 ಆಂಪಿಯರಿನ ಸಾಕೆಟ್, ಸರಿಯಾದ ಅರ್ಥಿಂಗ್, ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಅವು ಬರುವ ತನಕ ಗೀಸರ್ ಹಾಕಬಾರದು.

ತಪ್ಪು ಕಂಡಾಗ ಮೊದಲು ಮಾಡಬೇಕಾದದ್ದು ಕೆಲಸ ನಿಲ್ಲಿಸುವುದು. ‘ಮುಗಿಯಲಿ, ಕೊನೆಗೆ ಒಟ್ಟಿಗೆ ಹೇಳೋಣ’ ಎಂದು ಕಾದರೆ ತಪ್ಪಿನ ಮೇಲೆ ಮೂರು ಪದರ ಕೂತಿರುತ್ತದೆ. ಪ್ಲಂಬರ್, ಟೈಲ್ಸಿನವರು, ಮೇಸ್ತ್ರಿ ಬೇರೆಬೇರೆಯಾಗಿದ್ದರೆ ಮೂವರನ್ನೂ ಒಂದೇ ಹೊತ್ತಿಗೆ ಕರೆಸಬೇಕು. ಒಬ್ಬೊಬ್ಬರನ್ನೇ ಕೇಳಿದರೆ ತಪ್ಪು ಯಾವಾಗಲೂ ಅಲ್ಲಿಲ್ಲದವರದೇ ಆಗುತ್ತದೆ. ದಿನಾಂಕ ಸಹಿತ ಫೋಟೋ, ರಸಮಟ್ಟ ಇಟ್ಟು ತೆಗೆದ ಚಿತ್ರ, ಏನು ಸರಿಮಾಡಬೇಕು, ಯಾವಾಗ ಎಂಬ ಪಟ್ಟಿ ವಾಟ್ಸ್‌ಆ್ಯಪಿನಲ್ಲಾದರೂ ಬರವಣಿಗೆಯಲ್ಲಿ ಹೋಗಬೇಕು. ಜಗಳದ ದನಿಗಿಂತ ಸೀಮೆಸುಣ್ಣದ ಗುರುತು ಹೆಚ್ಚು ಕೆಲಸ ಮಾಡುತ್ತದೆ. ತನ್ನ ಕೆಲಸದ ಮೇಲೆ ಅಭಿಮಾನವಿರುವ ಮೇಸ್ತ್ರಿ ‘ಡಬ್’ ಸದ್ದು ಕೇಳಿದ ಮೇಲೆ ವಾದಕ್ಕಿಳಿಯುವುದು ಕಡಿಮೆ.

ಯಾವುದಕ್ಕೆ ತೇಪೆ ಸಾಕು, ಯಾವುದಕ್ಕೆ ಸಾಲದು ಎಂಬುದೂ ತಿಳಿದಿರಬೇಕು. ಸಂದಿನ ಗ್ರೌಟ್ ಉದುರಿದ್ದರೆ ಕೆರೆದು ಮತ್ತೆ ತುಂಬಬಹುದು. ಎರಡು ಮೂರು ಟೈಲ್ ಪೊಳ್ಳಾಗಿದ್ದರೆ ಅವನ್ನಷ್ಟೇ ಕಿತ್ತು ಕೂರಿಸಬಹುದು. ವಾಟ ತಪ್ಪಿದ್ದರೆ ನೆಲ ಕೀಳದೆ ಬೇರೆ ದಾರಿಯಿಲ್ಲ. ಸೋರಿಕೆಗೆ ಸಂದಿನ ಮೇಲೆ ಬಿಳಿ ಸಿಮೆಂಟೋ ರಾಸಾಯನಿಕವೋ ಬಳಿದರೆ ಕೆಲವು ತಿಂಗಳು ಕಲೆ ಮರೆಯಾಗಿ ಮತ್ತೆ ಬರುತ್ತದೆ. ಅದಕ್ಕಿಂತ ಮೊದಲು ಸೋರುವುದು ಎಲ್ಲಿಂದ ಎಂದು ಹುಡುಕಬೇಕು. ಆ ಬಚ್ಚಲನ್ನು ವಾರಗಟ್ಟಲೆ ಬಳಸದೆ ಬಿಟ್ಟರೂ ಕೆಳಗಿನ ಕಲೆ ಒಂದಿಷ್ಟೂ ಕುಗ್ಗದೆ ಹಾಗೇ ಹಸಿಯಾಗಿದ್ದರೆ ಸದಾ ಒತ್ತಡದಲ್ಲಿರುವ ನೀರಿನ ಪೈಪಿನ ಮೇಲೆ ಅನುಮಾನ. ಬಳಕೆ ನಿಲ್ಲಿಸಿದಾಗ ಒಣಗುತ್ತ ಬಂದರೆ ನೆಲ ಇಲ್ಲವೆ ಹೊರಹರಿವಿನ ಪೈಪು.

ಹಣದ ಮಾತನ್ನು ಮೊದಲೇ ಆಡಿದ್ದರೆ ಅರ್ಧ ತಂಟೆ ಹುಟ್ಟುವುದಿಲ್ಲ. ಸಾಮಾನು ಸಮೇತವೋ ಬರಿ ಕೂಲಿಯೋ, ವಾಟರ್‌ಪ್ರೂಫಿಂಗ್ ಯಾವುದು, ಎಷ್ಟು ಕೋಟು ಎಂಬುದು ಒಂದು ಹಾಳೆಯಲ್ಲಿ ಇಬ್ಬರ ಸಹಿಯೊಂದಿಗೆ ಇರಲಿ. ಪೈಪಿನ ಪರೀಕ್ಷೆ, ನೀರು ನಿಲ್ಲಿಸಿದ ಪರೀಕ್ಷೆ, ಟೈಲ್ಸ್, ಫಿಟ್ಟಿಂಗ್ ಎಂದು ಕಂತು ಮಾಡಿ, ಕೊನೆಯ ಹತ್ತನೇ ಒಂದು ಭಾಗವನ್ನು ಒಂದು ತಿಂಗಳು ಬಳಸಿದ ಮೇಲೆ ಕೊಡುವುದು ಒಳ್ಳೆಯದು. ಸರಿಯಾಗಿ ಮಾಡಿದ ಕೆಲಸದ ಕಂತನ್ನು ಮಾತ್ರ ಅದೇ ಸಂಜೆ ಕೊಡಬೇಕು. ಕೂಲಿಯವರ ಅಂದಿನ ಊಟ ಅದರ ಮೇಲಿರುತ್ತದೆ.

ಮಾತಿಗೆ ಬಗ್ಗದಿದ್ದರೆ ಕಾನೂನಿದೆ. ಗುತ್ತಿಗೆದಾರರು ಹಣ ಪಡೆದು ಮಾಡುವ ಕೆಲಸ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವೆ, ಅದರಲ್ಲಿನ ಲೋಪ ಸೇವಾ ನ್ಯೂನತೆ. ಮನೆಯವರ ನಿರ್ದೇಶನದಂತೆ ದಿನಗೂಲಿಗೆ ದುಡಿದವರ ಮೇಲೆ ಈ ಕಾಯ್ದೆಯಡಿ ದೂರು ಹೂಡುವುದು ಕಷ್ಟ. ಮೊದಲು ಲೋಪಗಳ ಪಟ್ಟಿಯೊಂದಿಗೆ, ಹದಿನೈದು ದಿನದ ಗಡುವು ಕೊಟ್ಟು, ಅಂಚೆಯಲ್ಲಿ ನೋಟಿಸು ಕಳಿಸಬೇಕು. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ದೂರನ್ನು ತಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು. ವಕೀಲರು ಕಡ್ಡಾಯವಲ್ಲ. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು.

ಆಯೋಗದ ಆದೇಶಕ್ಕೆ ಸಮಯ ಹಿಡಿಯುತ್ತದೆ, ಸೋರುವ ನೀರು ಅಷ್ಟು ದಿನ ಕಾಯುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 73ನೇ ಕಲಮು ಕೂಡ ನಷ್ಟ ಲೆಕ್ಕ ಹಾಕುವಾಗ ಅದನ್ನು ತಗ್ಗಿಸಿಕೊಳ್ಳಲು ದಾರಿ ಇತ್ತೇ ಎಂದು ನೋಡುತ್ತದೆ. ಹಾಗಾಗಿ ನೋಟಿಸಿನ ಗಡುವು ಮುಗಿದ ಮೇಲೆ ಒಬ್ಬ ಸಿವಿಲ್ ಎಂಜಿನಿಯರರಿಂದ ಸಹಿ ಹಾಕಿದ ವರದಿ ಪಡೆದು, ಬೇರೆ ಮೇಸ್ತ್ರಿಯಿಂದ ಸರಿಮಾಡಿಸಿ, ಪ್ರತಿ ಖರ್ಚಿನ ಬಿಲ್ಲು ಇಟ್ಟುಕೊಳ್ಳಬೇಕು. ಅಗೆದಾಗ ಸಿಕ್ಕ ಬಿರುಕಿನ ಪೈಪು, ಬೆನ್ನಿನಲ್ಲಿ ಐದೇ ಬೊಟ್ಟು ಅಂಟಿದ್ದ ಒಂದೆರಡು ಟೈಲ್ಸ್ ಕಸದ ಲಾರಿಗೆ ಹೋಗದಂತೆ, ದಿನಾಂಕ ಬರೆದು ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಬೇಕು.