ಮುಂದಿನ ಒಂಟಿ ಗಾಲಿ: ಟಂಟಂ ಸಸ್ಪೆನ್ಷನ್ ಗಟ್ಟಿಗೊಳಿಸುವ ಕಸುಬು

ಮೂರು ಗಾಲಿಯ ವಾಹನದಲ್ಲಿ ದಿಕ್ಕು ತಿರುಗಿಸುವ ಕೆಲಸ ಮುಂದಿನ ಒಂಟಿ ಗಾಲಿಯದು. ಬ್ರೇಕ್ ಒತ್ತಿದಾಗ ಮುಂದಕ್ಕೆ ನುಗ್ಗುವ ಭಾರವನ್ನು ತಡೆದುಕೊಳ್ಳುವುದೂ ಅದೇ. ಆ ಗಾಲಿಯನ್ನು ವಾಹನದ ಮೈಗೆ ಜೋಡಿಸಿ, ರಸ್ತೆಯ ಪೆಟ್ಟು ಚಾಲಕನ ಕೈಗೂ ಪ್ರಯಾಣಿಕರ ಬೆನ್ನಿಗೂ ನೇರವಾಗಿ ತಟ್ಟದಂತೆ ನೋಡಿಕೊಳ್ಳುವ ವ್ಯವಸ್ಥೆಯೇ ಮುಂಭಾಗದ ಸಸ್ಪೆನ್ಷನ್. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಲ್ಲಿ ಬಸ್ಸು ಅಪರೂಪವಾದ ಹಳ್ಳಿಗಳಿಗೆ ಆಟೊ, ಟಂಟಂ, ಗೂಡ್ಸ್ ಆಟೊಗಳೇ ಆಸರೆ. ಅವುಗಳ ಮುಂಭಾಗವನ್ನು ಬಿಚ್ಚಿ, ಸವೆದದ್ದನ್ನು ಬದಲಿಸಿ, ರಸ್ತೆಗೆ ತಕ್ಕಂತೆ ಗಟ್ಟಿಗೊಳಿಸಿ ಕೊಡುವುದು ಇಲ್ಲಿನ ಗ್ಯಾರೇಜುಗಳ ನಿತ್ಯದ ಕಸುಬು.

ಎರೆ ಮಣ್ಣಿನ ಮೇಲಿನ ರಸ್ತೆ

150ಎ ರಾಷ್ಟ್ರೀಯ ಹೆದ್ದಾರಿ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ದಾಟಿ ಸಿರುಗುಪ್ಪದ ಮೂಲಕ ಬಳ್ಳಾರಿಗೆ ಸಾಗುತ್ತದೆ. ಹೆದ್ದಾರಿ ಬಿಟ್ಟು ಹಳ್ಳಿಯ ಕಡೆ ಹೊರಳಿದರೆ ರಸ್ತೆಯ ಗುಣವೇ ಬೇರೆ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಅಲೆಅಲೆಯಾಗಿ ಏಳುತ್ತದೆ, ಅಂಚು ಕುಸಿಯುತ್ತದೆ. ತುಂಗಭದ್ರಾ ಎಡದಂಡೆ ನಾಲೆಯ ನೀರುಣ್ಣುವ ಸಿಂಧನೂರು ಸೀಮೆಯಲ್ಲಿ ಭತ್ತದ ಗದ್ದೆಯ ಕೆಸರು ಕ್ಯಾಂಪು ಎಂದು ಕರೆಯುವ ಊರುಗಳ ದಾರಿಗೂ ಹರಡುತ್ತದೆ. ಲಿಂಗಸುಗೂರು, ಹಟ್ಟಿ ಕಡೆಯ ಕಚ್ಚಾ ದಾರಿಗಳಲ್ಲಿ ಕಲ್ಲಿನ ಪೆಟ್ಟು ಹೆಚ್ಚು.

ಪ್ರಯಾಣಿಕರ ಆಟೊಗಳಲ್ಲಿ ಸಾಮಾನ್ಯವಾಗಿರುವುದು 8 ಇಂಚಿನ ರಿಮ್ಮಿನ ಟೈರು. ಗೂಡ್ಸ್ ಆಟೊಗಳಲ್ಲಿ 10 ಇಂಚಿನದೂ ಉಂಟು. ಗಾಲಿ ಚಿಕ್ಕದಾದಷ್ಟೂ ತಗ್ಗಿನೊಳಗೆ ಹೆಚ್ಚು ಆಳಕ್ಕೆ ಇಳಿಯುತ್ತದೆ, ಮೇಲೇಳುವಾಗ ತಗ್ಗಿನ ಅಂಚಿಗೆ ಹೆಚ್ಚು ಜೋರಾಗಿ ಬಡಿಯುತ್ತದೆ. ಕಾರಿಗೆ ಸಣ್ಣ ಕುಲುಕಾದದ್ದು ಟಂಟಂಗೆ ದೊಡ್ಡ ಪೆಟ್ಟಾಗುವುದು ಇದರಿಂದಲೇ.

ಸ್ಕೂಟರಿನಿಂದ ಬಂದ ವಿನ್ಯಾಸ

ಇಟಲಿಯ ಪಿಯಾಜಿಯೊ ಕಂಪನಿ 1946ರಲ್ಲಿ ವೆಸ್ಪಾ ಸ್ಕೂಟರನ್ನು ತಂದಿತು. 1948ರಲ್ಲಿ ಅದೇ ಸ್ಕೂಟರಿನ ಮುಂಭಾಗಕ್ಕೆ ಹಿಂದೆ ಎರಡು ಗಾಲಿಯ ಗಾಡಿ ಜೋಡಿಸಿ 'ಆಪೆ'ಯನ್ನು ರೂಪಿಸಿತು. ಎರಡರ ಹಿಂದೆಯೂ ಇದ್ದವರು ಎಂಜಿನಿಯರ್ ಕೊರಾಡಿನೊ ಡಾಸ್ಕಾನಿಯೊ. ಭಾರತದಲ್ಲಿ ಬಜಾಜ್ ಆಟೊ ಕಂಪನಿ 1959ರಲ್ಲಿ ಎರಡು ಮತ್ತು ಮೂರು ಗಾಲಿಯ ವಾಹನ ತಯಾರಿಕೆಗೆ ಸರ್ಕಾರದ ಪರವಾನಗಿ ಪಡೆಯಿತು. ಇಂದಿನ ಆಟೊಗಳ ಮುಂಭಾಗದಲ್ಲಿ ಆ ಸ್ಕೂಟರಿನ ಬಳುವಳಿ ಇನ್ನೂ ಉಳಿದಿದೆ.

ಹ್ಯಾಂಡಲಿನಿಂದ ಕೆಳಗಿಳಿಯುವ ಫೋರ್ಕ್ ಮೇಲೊಂದು, ಕೆಳಗೊಂದು ಬೇರಿಂಗಿನಲ್ಲಿ ತಿರುಗುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ಕೋನ್‌ಸೆಟ್ ಎನ್ನುತ್ತಾರೆ. ಫೋರ್ಕಿನ ತುದಿಗೆ ಪಿನ್ನಿನ ಮೂಲಕ ಒಂದು ಲಿಂಕ್ ಕೂಡಿಕೊಂಡಿರುತ್ತದೆ. ಗಾಲಿಯ ಅಚ್ಚು ಇರುವುದು ಆ ಲಿಂಕಿನಲ್ಲಿ. ಲಿಂಕ್ ಮೇಲೆ ಕೆಳಗೆ ಆಡುವಾಗ ಸುರುಳಿ ಸ್ಪ್ರಿಂಗ್ ಪೆಟ್ಟನ್ನು ನುಂಗುತ್ತದೆ. ನುಂಗಿದ ಶಕ್ತಿಯನ್ನು ಸ್ಪ್ರಿಂಗ್ ಮರಳಿ ಉಗುಳಿ ವಾಹನವನ್ನು ಕುಣಿಸದಂತೆ ತಡೆಯುವುದು ಶಾಕ್‌ಅಬ್ಸಾರ್ಬರ್. ಅದರೊಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಸುಳುವಾಗ ಆ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ.

ದೋಷ ಪತ್ತೆ

ಅನುಭವಿ ಮಿಸ್ತ್ರಿ ಸ್ಪಾನರ್ ಹಿಡಿಯುವ ಮೊದಲು ಕೈ ಕಿವಿಗಳಿಂದ ಪರೀಕ್ಷೆ ಮಾಡುತ್ತಾನೆ. ಮುಂಭಾಗವನ್ನು ಬಲವಾಗಿ ಅದುಮಿ ಬಿಟ್ಟಾಗ ವಾಹನ ಒಮ್ಮೆ ಮೇಲೆದ್ದು ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ಶಾಕ್‌ಅಬ್ಸಾರ್ಬರ್ ಸತ್ತಿದೆ ಎಂದೇ ಲೆಕ್ಕ. ಅದರ ದಂಡದ ಮೇಲೆ ಎಣ್ಣೆಗೆ ದೂಳು ಮೆತ್ತಿದ್ದರೆ ಸೀಲ್ ಹೋಗಿದೆ.

ಮುಂದಿನದು ಅಲುಗಾಟದ ಪರೀಕ್ಷೆ. ಜಾಕಿ ಕೊಟ್ಟು ಗಾಲಿಯನ್ನು ನೆಲದಿಂದ ಎತ್ತಿ, ಅದರ ಕೆಳಭಾಗವನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಜಗ್ಗಬೇಕು. 'ಕಟ್' ಎಂಬ ಸದ್ದು ಹ್ಯಾಂಡಲಿನ ಬುಡದಲ್ಲಿ ಕೇಳಿದರೆ ಕೋನ್‌ಸೆಟ್ ಸಡಿಲವಾಗಿದೆ. ಲಿಂಕಿನ ಪಿನ್ ಬಳಿ ಕೇಳಿದರೆ ಬುಷ್ ಸವೆದಿದೆ. ಪಕ್ಕಕ್ಕೆ ಅಲ್ಲಾಡಿಸಿದಾಗ ಗಾಲಿಯಷ್ಟೇ ಅಲುಗಿದರೆ ಹಬ್ಬಿನ ಬೇರಿಂಗ್ ನೋಡಬೇಕು. ಕೊನೆಗೆ ಹ್ಯಾಂಡಲನ್ನು ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸುತ್ತಾರೆ. ನಡುಮಧ್ಯೆ ಬಂದಾಗ ಅದು ಕಚ್ಚಿಕೊಂಡಂತೆ ನಿಂತರೆ, ಪೆಟ್ಟಿನಿಂದ ಬೇರಿಂಗಿನ ಗುಂಡುಗಳು ಅದರ ಬಟ್ಟಲಿನಲ್ಲಿ ಕುಳಿ ಬೀಳಿಸಿವೆ ಎಂದರ್ಥ. ಅಂಥ ಕೋನ್‌ಸೆಟ್ಟನ್ನು ಬಿಗಿ ಮಾಡಿ ಪ್ರಯೋಜನವಿಲ್ಲ, ಇಡಿಯಾಗಿ ಬದಲಿಸಬೇಕು.

ಕೆಲಸದ ಕ್ರಮ

ಸರಿಯಾದ ಕೆಲಸ ಸವೆದ ಕೀಲುಗಳಿಂದ ಆರಂಭವಾಗುತ್ತದೆ. ಬುಷ್, ಪಿನ್, ಬೇರಿಂಗುಗಳಲ್ಲಿ ಅಲುಗಾಟ ಉಳಿದಿದ್ದರೆ ಎಷ್ಟು ಬೆಲೆಯ ಶಾಕ್‌ಅಬ್ಸಾರ್ಬರ್ ಹಾಕಿದರೂ ಹ್ಯಾಂಡಲ್ ನಡುಗುವುದು ನಿಲ್ಲುವುದಿಲ್ಲ. ಪಿನ್ ಕೂರುವ ತೂತೇ ಅಂಡಾಕಾರವಾಗಿದ್ದರೆ ಲಿಂಕನ್ನು ಹೊಸದು ಹಾಕಬೇಕು, ಇಲ್ಲವೇ ಲೇತಿನಲ್ಲಿ ತೂತನ್ನು ದುಂಡಗೆ ಕೊರೆಸಿ ಸ್ಲೀವ್ ಕೂರಿಸಬೇಕು. ಕೆಸರು ನುಗ್ಗದಂತೆ ಹೊಸ ಸೀಲ್, ತುಂಬು ಗ್ರೀಸ್ ಇಲ್ಲದಿದ್ದರೆ ಹೊಸ ಬುಷ್ ಕೂಡ ಬೇಗನೆ ಸವೆಯುತ್ತದೆ.

ಎರಡನೆಯದು ಶಾಕ್‌ಅಬ್ಸಾರ್ಬರ್. ಹೊಸದನ್ನು ಜೋಡಿಸುವ ಮೊದಲು ನೇರವಾಗಿ ನಿಲ್ಲಿಸಿ ಕೈಯಿಂದ ಒತ್ತಿ ಎಳೆದು ನೋಡಬೇಕು. ಎಲ್ಲಿಯೂ ಪೊಳ್ಳು ಜಾಗವಿಲ್ಲದೆ ಒಂದೇ ಸಮನೆ ಬಿಗಿ ಸಿಗಬೇಕು.

ಸ್ಪ್ರಿಂಗಿನ ಸರದಿ ಮೂರನೆಯದು. ತಪ್ಪು ಹೆಚ್ಚಾಗುವುದೂ ಇಲ್ಲಿಯೇ. ಸ್ಪ್ರಿಂಗಿನ ಬಿಗಿ ಅದರ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. ತಂತಿ 10% ದಪ್ಪವಾದರೆ ಬಿಗಿ ಸುಮಾರು 46% ಹೆಚ್ಚುತ್ತದೆ. ಕಣ್ಣಿಗೆ ತುಸು ದಪ್ಪ ಎನಿಸುವ ಸ್ಪ್ರಿಂಗ್ ವಾಹನವನ್ನು ಪೂರ್ತಿ ಬಿರುಸಾಗಿಸುವುದು ಈ ಲೆಕ್ಕದಿಂದ. ಹಳೆಯ ಶಾಕ್‌ಅಬ್ಸಾರ್ಬರಿಗೆ ಅಂಥ ಸ್ಪ್ರಿಂಗನ್ನು ಹಿಡಿದಿಡುವ ತ್ರಾಣ ಇರುವುದಿಲ್ಲ. ಪರಿಣಾಮವಾಗಿ ಗಾಲಿ ತಗ್ಗಿನಿಂದ ಪುಟಿದು ನೆಲ ಬಿಡುತ್ತದೆ. ನೆಲ ಬಿಟ್ಟ ಗಾಲಿಗೆ ತಿರುಗಿಸುವ ಶಕ್ತಿಯೂ ಇಲ್ಲ, ತಡೆಯುವ ಶಕ್ತಿಯೂ ಇಲ್ಲ.

ಸ್ಪ್ರಿಂಗಿನ ಕೆಳಗೆ ವಾಷರ್ ಇಟ್ಟರೆ ಮುಂಭಾಗ ಎತ್ತರವಾಗುತ್ತದೆಯೇ ಹೊರತು ಸ್ಪ್ರಿಂಗಿನ ಬಿಗಿ ಬದಲಾಗುವುದಿಲ್ಲ. ಒಂದು ಸುತ್ತು ಕತ್ತರಿಸಿದರೆ ಬಿಗಿ ಹೆಚ್ಚಿದರೂ ಆಡುವ ಜಾಗ ಕಡಿಮೆಯಾಗುತ್ತದೆ. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿದ ಸ್ಪ್ರಿಂಗ್ ಹದ ಕಳೆದುಕೊಂಡು ಕುಸಿಯುತ್ತದೆ ಇಲ್ಲವೇ ಮುರಿಯುತ್ತದೆ. ಬಿರುಕು ಬಿಟ್ಟ ಲಿಂಕಿಗೆ ವೆಲ್ಡಿಂಗ್ ಹಚ್ಚಿ ಓಡಿಸುವುದು ಇವೆಲ್ಲಕ್ಕಿಂತ ಅಪಾಯದ ಕೆಲಸ. ಕೊನೆಯಲ್ಲಿ ಬ್ರೇಕ್ ಹೊಂದಿಸಿ, ಕಂಪನಿ ಹೇಳಿದಷ್ಟೇ ಗಾಳಿ ತುಂಬಿ, ಖಾಲಿ ವಾಹನವನ್ನೂ ಭಾರ ಹೇರಿದ ವಾಹನವನ್ನೂ ಓಡಿಸಿ ನೋಡಿದರೆ ಕೆಲಸ ಮುಗಿಯುತ್ತದೆ.

ಮುಂದೆ ಎರಡು ಗಾಲಿ ಇದ್ದರೆ

ಕ್ರೀಡಾ ವಾಹನಗಳಲ್ಲಿ ಮೂರು ಗಾಲಿಯ ಜೋಡಣೆ ಸಾಮಾನ್ಯವಾಗಿ ತಿರುಗುಮುರುಗು. ಬ್ರಿಟನ್ನಿನ ಹಳೆಯ ಮಾರ್ಗನ್ ವಾಹನಗಳಲ್ಲಿಯೂ ಕೆನಡಾದ ಬಿಆರ್‌ಪಿ ಕಂಪನಿ 2007ರಲ್ಲಿ ಹೊರತಂದ ಕ್ಯಾನ್-ಆಮ್ ಸ್ಪೈಡರ್‌ನಲ್ಲಿಯೂ ಮುಂದೆ ಎರಡು, ಹಿಂದೆ ಒಂದು ಗಾಲಿ. ತಿರುವಿನಲ್ಲಿ ವಾಹನ ವಾಲದಂತೆ ತಡೆಯುವ ಹೊಣೆ ಅಲ್ಲಿ ಮುಂದಿನ ಜೋಡಿಯದು. ಆದ್ದರಿಂದ ಸ್ಪೈಡರ್ ಮಾಲೀಕರು ದಪ್ಪನೆಯ ಆ್ಯಂಟಿ-ರೋಲ್ ಬಾರ್, ಬಿಗಿಯನ್ನು ಹೊಂದಿಸಬಹುದಾದ ಶಾಕ್‌ಅಬ್ಸಾರ್ಬರ್ ಹಾಕಿಸಿ ವಾಲುವಿಕೆಯನ್ನು ತಗ್ಗಿಸಿಕೊಳ್ಳುತ್ತಾರೆ.

ಆಟೊ, ಟಂಟಂಗಳಿಗೆ ಈ ಉಪಾಯ ನಡೆಯುವುದಿಲ್ಲ. ಒಂಟಿ ಗಾಲಿ ವಾಲುವಿಕೆಯನ್ನು ತಡೆಯಲಾರದು, ಆ ಕೆಲಸ ಪೂರ್ತಿ ಹಿಂದಿನ ಎರಡು ಗಾಲಿಗಳದು. ಮೂರೂ ಗಾಲಿ ನೆಲ ಮುಟ್ಟುವ ಜಾಗಗಳನ್ನು ಗೆರೆಯಿಂದ ಕೂಡಿಸಿದರೆ ಮುಂದಕ್ಕೆ ಚೂಪಾಗುವ ತ್ರಿಕೋನ ಸಿಗುತ್ತದೆ. ಭಾರದ ಒತ್ತು ಆ ತ್ರಿಕೋನದೊಳಗೆ ಬೀಳುವವರೆಗೆ ಮಾತ್ರ ವಾಹನ ನಿಂತಿರುತ್ತದೆ. ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಆ ಒತ್ತು ಹೊರಗಡೆಗೂ ಮುಂದಿನ ಚೂಪು ಮೂಲೆಯ ಕಡೆಗೂ ಒಟ್ಟಿಗೆ ಸರಿಯುತ್ತದೆ. ತ್ರಿಕೋನ ಅಲ್ಲಿ ಕಿರಿದಾದ್ದರಿಂದ ವಾಹನ ಪಲ್ಟಿಯಾಗುತ್ತದೆ. ಮೇಲೆ ಮೇಲೆ ಒಟ್ಟಿದ ಹತ್ತಿಯ ಅಂಡಿಗೆ, ಭತ್ತದ ಚೀಲ, ಮೇಲ್ಚಾವಣಿಯ ಸಾಮಾನು ಭಾರದ ಕೇಂದ್ರವನ್ನು ಎತ್ತರಿಸಿ ಈ ಅಪಾಯವನ್ನು ಹೆಚ್ಚಿಸುತ್ತವೆ. ಮುಂದೆ ಬಿರುಸು ಸ್ಪ್ರಿಂಗ್ ಹಾಕಿಸಿದರೆ ವಾಹನ ಪಲ್ಟಿಯಾಗದು ಎಂಬ ನಂಬಿಕೆಗೆ ಆಧಾರವಿಲ್ಲ.

ಕಾನೂನಿನ ಗೆರೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸವೆದ ಭಾಗಕ್ಕೆ ಅದೇ ಅಳತೆಯ ಹೊಸ ಭಾಗ ಹಾಕುವುದು ದುರಸ್ತಿ. ಫೋರ್ಕ್ ಉದ್ದ ಮಾಡುವುದು, ಚಾಸಿ ಕತ್ತರಿಸುವುದು, ಹೆಚ್ಚು ಸೀಟು ಕೂರಿಸಿ ಅದಕ್ಕೆಂದು ಸ್ಪ್ರಿಂಗ್ ಬದಲಿಸುವುದು ದುರಸ್ತಿಯ ಮಿತಿಯನ್ನು ಮೀರಿದ ಕೆಲಸ. ಬಾಡಿಗೆಗೆ ಓಡುವ ವಾಹನಕ್ಕೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸುವ ಮುನ್ನ ಮುಂಭಾಗವನ್ನು ಬಿಚ್ಚಿ ಪರೀಕ್ಷಿಸುವುದು ಒಳ್ಳೆಯ ರೂಢಿ.

ಗ್ರೀಸ್, ಬುಷ್, ಕೋನ್‌ಸೆಟ್, ಶಾಕ್‌ಅಬ್ಸಾರ್ಬರ್, ಆಮೇಲೆ ಸ್ಪ್ರಿಂಗ್: ಕಡಿಮೆ ಖರ್ಚಿನಲ್ಲಿ ಹೆಚ್ಚು ಸುರಕ್ಷತೆ ಕೊಡುವ ಕ್ರಮ ಇದೇ. ನಾಟಿ, ಕೊಯ್ಲು, ಹತ್ತಿ ಬಿಡಿಸುವ ದಿನಗಳಲ್ಲಿ ಕೂಲಿಕಾರರನ್ನು ಗೂಡ್ಸ್ ಆಟೊದಲ್ಲಿ ತುಂಬಿ ಕಳಿಸುವವರು ಒಂದು ಮಾತು ನೆನಪಿಡಬೇಕು. ಮಿತಿಮೀರಿದ ಭಾರವನ್ನು ಸುರಕ್ಷಿತವಾಗಿ ಹೊರುವ ಸಸ್ಪೆನ್ಷನ್ ಯಾವ ಗ್ಯಾರೇಜಿನಲ್ಲೂ ತಯಾರಾಗುವುದಿಲ್ಲ. ಮಿಸ್ತ್ರಿ ತನ್ನ ಕೆಲಸ ಸರಿಯಾಗಿ ಮಾಡಿದ ಮೇಲೆ, ಭಾರವನ್ನು ಮಿತಿಯಲ್ಲಿಡುವುದು ಮಾಲೀಕರ ಮತ್ತು ಚಾಲಕರ ಕರ್ತವ್ಯ.